ಪುಶ್ ಮಾಡಿದ್ರೆ ಸೈಟ್ ಲೈವ್, ಆದ್ರೆ ಡೇಟಾಬೇಸ್ ಹುಷಾರು!

ಗಿಟ್‌ಹಬ್ ರೆಪೋ (ಕೋಡ್ ಇಡೋ ಆನ್‌ಲೈನ್ ಜಾಗ) ಕನೆಕ್ಟ್ ಮಾಡಿ ಕೋಡ್ ಪುಶ್ ಮಾಡಿದ್ರೆ, ಅಂದ್ರೆ ಅಲ್ಲಿಗೆ ಕಳಿಸಿದ್ರೆ ಸಾಕು, ಮಿಕ್ಕಿದ್ದು ನಾವ್ ನೋಡ್ಕೋತೀವಿ ಅನ್ನೋ ಥರದ ಹೋಸ್ಟಿಂಗ್ ಸರ್ವೀಸ್ ಒಂದನ್ನ ತುಂಬಾ ದಿನದಿಂದ ಬಳಸ್ತಾ ಇದೀನಿ. ಹೆಸರು ಬೇಡ ಬಿಡಿ, 2007ರಲ್ಲಿ ಶುರುವಾದ ಹೆರೋಕು ಅನ್ನೋ ಹೋಸ್ಟಿಂಗ್ ಸರ್ವೀಸ್ ಹಾಕಿಕೊಟ್ಟ ದಾರೀಲೇ ಇವರೆಲ್ಲ ನಡೀತಿರೋದು. ಪ್ಲಾನು, ರ‍್ಯಾಮು, ರೀಜನ್ನು ಎಲ್ಲಾ ಅವರ ಪೇಜಲ್ಲೇ ಇರುತ್ತೆ, ನೋಡ್ಕೊಳ್ಳಿ.

ಮುಂಚೆ ನಂದೇ ಒಂದು ವಿಪಿಎಸ್ (ನಾವೇ ನೋಡ್ಕೋಬೇಕಾದ ಬಾಡಿಗೆ ವರ್ಚುವಲ್ ಸರ್ವರ್) ಇತ್ತು. ಎಸ್‌ಎಸ್‌ಎಚ್ ಮಾಡಿ ಸರ್ವರ್ ಒಳಗೆ ಹೋಗು, ಗಿಟ್ ಪುಲ್ ಮಾಡಿ ಹೊಸ ಕೋಡ್ ತರು, ಎನ್‌ಪಿಎಂ ಇನ್‌ಸ್ಟಾಲಿಂದ ಬೇಕಾದ ಪ್ಯಾಕೇಜ್ ಹಾಕು, ಪ್ರಾಸೆಸ್ ರೀಸ್ಟಾರ್ಟ್, ಇದರ ಮಧ್ಯೆ 90 ದಿನಕ್ಕೆ ಮುಗಿಯೋ ಲೆಟ್ಸ್ ಎನ್‌ಕ್ರಿಪ್ಟ್ ಸರ್ಟಿಫಿಕೇಟು (ಸೈಟಿನ https ಗೆ ಬೇಕಾದ್ದು) ರಿನ್ಯೂ ಆಯ್ತೋ ಇಲ್ವೋ ಅನ್ನೋ ಚಿಂತೆ ಬೇರೆ. ಅದೆಲ್ಲ ತಪ್ತು.

ಆದ್ರೆ ನಾನು ಇದಕ್ಕೆ ಅಂಟ್ಕೊಂಡಿದ್ದು ಪ್ರಿವ್ಯೂ ಲಿಂಕಿಂದ. ಪುಲ್ ರಿಕ್ವೆಸ್ಟ್ (ನನ್ನ ಬದಲಾವಣೆ ಸೇರಿಸ್ಕೊಳ್ಳಿ ಅನ್ನೋ ಕೋರಿಕೆ) ಓಪನ್ ಮಾಡಿದ ಸ್ವಲ್ಪ ಹೊತ್ತಿಗೇ ಬಾಟ್ ಬಂದು ಒಂದು ಕಾಮೆಂಟ್ ಹಾಕುತ್ತೆ, ಅದರಲ್ಲಿ ಆ ಬ್ರಾಂಚಿಗೇ (ಕೋಡಿನ ಆ ಪ್ರತ್ಯೇಕ ಪ್ರತಿಗೇ) ಅಂತ ಒಂದು ಯುಆರ್‌ಎಲ್. ಅದನ್ನ ನಾನು ಮೊದಲು ಓಪನ್ ಮಾಡೋದು ನನ್ನ ಹಳೇ ಸ್ಲೋ ಫೋನಲ್ಲಿ. ಫೋನ್ ಅಡ್ಡ ಹಿಡೀತೀನಿ, ಫಾರ್ಮ್ ಮುಟ್ಟಿ ಕೀಬೋರ್ಡ್ ಮೇಲೆ ಬಂದಾಗ ಸಬ್‌ಮಿಟ್ ಬಟನ್ ಮುಚ್ಚಿಹೋಗುತ್ತಾ ಅಂತ ನೋಡ್ತೀನಿ, ಆಮೇಲೇ ಕ್ಲೈಂಟಿಗೆ ಕಳ್ಸೋದು. ಅವರು "ಇದು ಸ್ವಲ್ಪ ಕೆಳಗೆ ಬರ್ಲಿ" ಅಂತಾರೆ, ಸರಿಮಾಡಿ ಪುಶ್ ಮಾಡ್ತೀನಿ, ಅದೇ ಲಿಂಕ್ ರಿಫ್ರೆಶ್ ಮಾಡಿದ್ರೆ ಬಂದಿರುತ್ತೆ. ಸ್ಟೇಜಿಂಗ್ (ಲೈವಿಗೆ ಮುಂಚೆ ಟೆಸ್ಟ್ ಮಾಡೋ) ಸರ್ವರಲ್ಲಿ ಈಗ ಯಾರ ಬ್ರಾಂಚ್ ಇದೆ, ತೆಗೀರಪ್ಪಾ ನಂದು ಹಾಕ್ಬೇಕು ಅನ್ನೋ ಜಗಳ ಟೀಮಲ್ಲಿ ನಿಂತೇ ಹೋಯ್ತು. ಇನ್ನೊಂದು ಲಾಭ ಏನಂದ್ರೆ ಮ್ಯಾಕಲ್ಲಿ ಫೈಲ್ ಹೆಸರಿನ ದೊಡ್ಡಕ್ಷರ ಚಿಕ್ಕಕ್ಷರ ತಪ್ಪಿದ್ರೂ ಸುಮ್ನೆ ಓಡುತ್ತಲ್ಲ, ಅಂಥದ್ದು ಇಲ್ಲಿ ಲಿನಕ್ಸ್ ಬಿಲ್ಡಲ್ಲೇ, ಅಂದ್ರೆ ಕೋಡಿಂದ ಸೈಟ್ ತಯಾರಾಗೋ ಹಂತದಲ್ಲೇ ಸಿಕ್ಕಿಬೀಳುತ್ತೆ, ಲೈವಿಗೆ ಹೋಗಲ್ಲ.

ಇಷ್ಟು ಹೊಗಳಿದ್ಮೇಲೆ ಈಗ ಬೈಗುಳ. ಪ್ರಿವ್ಯೂಗೆ ಯುಆರ್‌ಎಲ್ ಬೇರೆ, ಕೋಡ್ ಬೇರೆ, ಸರಿ. ಆದ್ರೆ ಎನ್ವಿರಾನ್ಮೆಂಟ್ ವೇರಿಯಬಲ್ (ಕೋಡಿನ ಹೊರಗಿಡೋ ಸೆಟ್ಟಿಂಗ್) ಸೇರಿಸೋ ಪೇಜಲ್ಲಿ ಪ್ರೊಡಕ್ಷನ್ (ಲೈವ್ ಸೈಟ್), ಪ್ರಿವ್ಯೂ ಎರಡಕ್ಕೂ ಮೊದಲೇ ಟಿಕ್ ಬಿದ್ದಿರುತ್ತೆ. ಅಂದ್ರೆ ಡೇಟಾಬೇಸ್ ಯುಆರ್‌ಎಲ್ ಎರಡಕ್ಕೂ ಒಂದೇ! ಮರ್ಜೇ ಆಗದ (ಮುಖ್ಯ ಕೋಡಿಗೆ ಇನ್ನೂ ಸೇರದ) ಒಂದು ಬ್ರಾಂಚಲ್ಲಿ ಕಾಲಂ ಹೆಸರು ಬದಲಾಯಿಸೋ ಮೈಗ್ರೇಶನ್ (ಡೇಟಾಬೇಸ್ ರಚನೆ ಬದಲಿಸೋ ಸ್ಕ್ರಿಪ್ಟ್) ಇತ್ತು, ಪ್ರಿವ್ಯೂ ಬಿಲ್ಡ್ ಆಗ್ತಿದ್ದ ಹಾಗೇ ಅದು ಹೋಗಿ ಲೈವ್ ಟೇಬಲ್ ಮೇಲೆ ಓಡ್ತು, ಸೈಟ್ ತುಂಬಾ 500 (ಸರ್ವರ್) ಎರರ್. ಇವರು ಜಾಹೀರಾತಲ್ಲಿ ಮೆರೆಸೋ, ಹಳೇ ಕೋಡಿಗೆ ವಾಪಸ್ ಕರ್ಕೊಂಡು ಹೋಗೋ ರೋಲ್‌ಬ್ಯಾಕ್ ಬಟನ್ ಇದೆಯಲ್ಲ, ಅದು ಇಲ್ಲಿ ಏನಕ್ಕೂ ಬರಲ್ಲ, ಯಾಕಂದ್ರೆ ಲೈವ್ ಕೋಡ್ ಬದಲಾಗೇ ಇಲ್ಲ, ಬದಲಾಗಿದ್ದು ಡೇಟಾಬೇಸ್. ಕೊನೆಗೆ ಕಾಲಂಗೆ ಕೈಯಾರೆ ಹಳೇ ಹೆಸರು ಕೊಟ್ಮೇಲೇ ಸೈಟ್ ಎದ್ದಿದ್ದು. ಸಪೋರ್ಟಿಗೆ ಬರೆದ್ರೆ "ಡಾಕ್ಯುಮೆಂಟೇಶನಲ್ಲಿ ಹೇಳಿದೀವಿ" ಅಂತ ಒಂದು ಲಿಂಕ್ ಬಂತು. ಹೇಳಿದಾರೆ, ನಿಜ. ಪೇಜಿನ ಬುಡದಲ್ಲಿ.

ಈಗ ಪ್ರಿವ್ಯೂಗೆ ಅಂತಲೇ ಡಮ್ಮಿ ಡೇಟಾ ತುಂಬಿದ ಸಣ್ಣ ಡೇಟಾಬೇಸ್ ಬೇರೆ ಇಟ್ಟಿದೀನಿ, ಮೈಗ್ರೇಶನ್ನ ಬಿಲ್ಡ್ ಕಮ್ಯಾಂಡಿಂದ ಕಿತ್ತು ಮೇನ್ ಬ್ರಾಂಚಿಗೆ ಮಾತ್ರ ಓಡೋ ಹಾಗೆ ಗಿಟ್‌ಹಬ್ ಆಕ್ಷನ್ಸಿಗೆ (ಗಿಟ್‌ಹಬ್ಬಿನ ಆಟೊಮೇಶನ್ ಸೌಲಭ್ಯ) ಹಾಕಿದೀನಿ. ಆಮೇಲಿಂದ ತೊಂದ್ರೆ ಇಲ್ಲ. ಆ ಎರಡನೇ ಡೇಟಾಬೇಸಿಂದ ಬಿಲ್ ಸ್ವಲ್ಪ ಏರ್ತು, ಕ್ಲೈಂಟ್ ಕೆಲ್ಸ ಆದ್ರಿಂದ ಕೊಡ್ತೀನಿ.

ನನ್ನ ಸ್ವಂತ, ಸುಮ್ನೆ ಖುಷಿಗೆ ಮಾಡೋ ಪ್ರಾಜೆಕ್ಟುಗಳಿಗೆ ಮಾತ್ರ ಈಗ್ಲೂ ವಿಪಿಎಸ್ಸೇ. ಅವುಕ್ಕೆಲ್ಲ ಈ ಸರ್ವೀಸಿಗೆ ದುಡ್ಡು ಕೊಡೋ ಮನಸಿಲ್ಲ, ಫ್ರೀ ಪ್ಲಾನ್ ನಂಬೋ ಹಾಗಿಲ್ಲ, ಹೆರೋಕುನೇ 2022ರ ನವೆಂಬರಲ್ಲಿ ಫ್ರೀ ನಿಲ್ಲಿಸ್ತು. ಜೊತೆಗೆ ಇಂಥಾ ಕಡೆ ಡಿಸ್ಕ್ ಉಳಿಯಲ್ಲ, ಅಪ್ಲೋಡ್ ಆದ ಫೋಟೋ ಮುಂದಿನ ಡಿಪ್ಲಾಯಲ್ಲಿ (ಹೊಸ ಕೋಡ್ ಲೈವ್ ಆದಾಗ) ಮಾಯ, ಅದಕ್ಕೆ ಬೇರೆ ಸ್ಟೋರೇಜ್ ತಗೋಬೇಕು.

ಪ್ರಿವ್ಯೂ ಲಿಂಕೊಂದಕ್ಕೇ ನಾಲ್ಕೂವರೆ ಸ್ಟಾರ್ ಕೊಡೋನಿದ್ದೆ. ಆ ಟಿಕ್ ಡೀಫಾಲ್ಟಾಗಿ ಇರೋವರೆಗೂ ಮೂರೇ.