ನಾಲ್ಕೂವರೆ ವರ್ಷ ಕೆಟಲ್‌ಬೆಲ್ ಎತ್ತಿದ್ಮೇಲೆ: 16ಕ್ಕೂ 24ಕ್ಕೂ ನಡುವಿನ ಆ 8 ಕೆಜಿ

ಮೊದಲೇ ಹೇಳ್ಬಿಡ್ತೀನಿ, ನಾನು ಕೋಚೂ ಅಲ್ಲ, ಸರ್ಟಿಫಿಕೇಟ್ ಗಿರ್ಟಿಫಿಕೇಟ್ ಏನೂ ಇಲ್ಲ, ದಿನಕ್ಕೆ ಎಂಟ್ಹತ್ತು ಗಂಟೆ ಕುರ್ಚಿ ಮೇಲೆ ಕೂತು ಸೊಂಟ ಹಾಳ್ಮಾಡ್ಕೊಂಡಿದ್ದವನು. ತೂಕ 72 ಕೆಜಿ, ವಯಸ್ಸು 40ಕ್ಕೆ ಹತ್ರ. ಮೊದಲ ಎರಡು ವರ್ಷ ಬರೀ ಕೆಟಲ್‌ಬೆಲ್ (ಮೇಲೆ ಹಿಡಿ ಇರೋ ಕಬ್ಬಿಣದ ಗುಂಡು), ಆಮೇಲೆ ಒಂದು ವರ್ಷ ಅದನ್ನ ಮೂಲೆಗೆ ತಳ್ಳಿ ಬರೀ ಬಾರ್ಬೆಲ್ (ಎರಡೂ ತುದಿಗೆ ಪ್ಲೇಟ್ ಹಾಕೋ ಉದ್ದ ಸರಳು), ಈಗ ಒಂದೂವರೆ ವರ್ಷದಿಂದ ಎರಡೂ. "ಒಂದು ಕೆಟಲ್‌ಬೆಲ್ ಇದ್ರೆ ಜಿಮ್ಮೇ ಬೇಡ" ಅನ್ನೋರೂ ಇದಾರೆ, "ಅದೆಲ್ಲ ಆಟದ ಸಾಮಾನು, ಬಾರ್ ಹಿಡಿ" ಅನ್ನೋರೂ ಇದಾರೆ. ನಾನು ಎರಡೂ ಗುಂಪಲ್ಲಿ ಇದ್ದು ಜೋರಾಗಿ ವಾದ ಮಾಡಿ ಬಂದವನು, ಅದಕ್ಕೇ ಬರೀತಿದೀನಿ.

ಮೊದಲು ಸಾಮಾನಿನ ವಿಷಯ. ನನ್ನ ಹತ್ರ ಇರೋದು ಒಂದು 16 ಕೆಜಿ ಎರಕದ ಕಬ್ಬಿಣದ್ದು, ಒಂದು 24 ಕೆಜಿ ಕಾಂಪಿಟಿಷನ್ ಬೆಲ್, ಮತ್ತೆ ಮಧ್ಯದಲ್ಲಿ ತಗೊಂಡು ಕೈ ಸುಟ್ಕೊಂಡ ಒಂದು ಅಡ್ಜಸ್ಟಬಲ್, ಅಂದ್ರೆ ತೂಕ ಬದಲಾಯಿಸ್ಬೋದಾದ ಬೆಲ್. ಎರಕದ್ದು ಒಂದೇ ಉಂಡೆ, ಹಾಳಾಗೋಕೆ ಅದ್ರಲ್ಲಿ ಏನೂ ಇಲ್ಲ. ಪೇಂಟ್ ಒಂದೆರಡು ಕಡೆ ಎದ್ದಿದೆ, ಬೆವರಿನ ಕೈಯಲ್ಲೇ ಬಿಟ್ಟು ಹೋದಾಗ ಹಿಡಿ ಹತ್ರ ತುಕ್ಕು ಬಂತು, ಉಜ್ಜಿ ಒಂದು ಹನಿ ಎಣ್ಣೆ ಹಚ್ಚಿದೆ ಸರಿಹೋಯ್ತು. ಆದ್ರೆ ತಗೊಳೋವಾಗ ಹಿಡಿಯ ಒಳಭಾಗಕ್ಕೆ ಬೆರಳು ಆಡಿಸಿ ನೋಡಿ, ನಂದ್ರಲ್ಲಿ ಎರಕದ ಏಣು ಹಾಗೇ ಉಳ್ಕೊಂಡಿತ್ತು, ಎರಡೇ ವಾರಕ್ಕೆ ಅಂಗೈ ಕಿತ್ತೋಯ್ತು, ಆಮೇಲೆ ಮರಳು ಕಾಗದ ಹಿಡ್ಕೊಂಡು ಒಂದು ಸಂಜೆಯೆಲ್ಲ ತಿಕ್ಕಿದೀನಿ. ವಿನೈಲ್ ಹೊದಿಕೆ ಹಾಕಿರೋದನ್ನ ನಾನಂತೂ ತಗೊಳಲ್ಲ, ಮುಂಗೈಗೆ ಅಂಟುತ್ತೆ, ಕೊನೆಗೆ ಬಿರುಕೂ ಬಿಡುತ್ತೆ.

ಕಾಂಪಿಟಿಷನ್ ಬೆಲ್ ಬೇರೇನೇ ಪ್ರಾಣಿ. 8 ಕೆಜಿ ಆದ್ರೂ 32 ಕೆಜಿ ಆದ್ರೂ ಹೊರಗಿನ ಅಳತೆ ಒಂದೇ, ಒಳಗಡೆ ಟೊಳ್ಳು ಎಷ್ಟಿದೆ ಅನ್ನೋದಷ್ಟೇ ವ್ಯತ್ಯಾಸ, ಬಣ್ಣ ನೋಡಿ ತೂಕ ಹೇಳ್ಬೋದು, 16 ಹಳದಿ, 24 ಹಸಿರು, 32 ಕೆಂಪು. ತೂಕ ಏರಿಸಿದ್ರೂ ಮುಂಗೈ ಮೇಲೆ ಅದು ಕೂರೋ ಜಾಗ ಬದಲಾಗಲ್ಲ, ಅದೇ ದೊಡ್ಡ ಉಪಯೋಗ. ಎರಕದ್ರಲ್ಲಿ ಪ್ರತಿ ತೂಕಕ್ಕೂ ಗಾತ್ರ ಬೇರೆ ಆಗೋದ್ರಿಂದ ಪ್ರತಿ ಸಲ ಹೊಸದಾಗಿ ಹೊಂದ್ಕೋಬೇಕು. ಆದ್ರೆ ಕಾಂಪಿಟಿಷನ್ ಬೆಲ್ ಹಿಡಿ ಒಳಗೆ ಜಾಗ ಕಮ್ಮಿ, ಎರಡು ಕೈ ಹಾಕಿ ಸ್ವಿಂಗ್ (ಕಾಲ ಸಂದಿಯಿಂದ ಎದೆ ಮಟ್ಟಕ್ಕೆ ಬೀಸೋದು) ಮಾಡಿದ್ರೆ ಕಿರುಬೆರಳು ನಜ್ಜುಗುಜ್ಜು. ಒಂದೇ ತಗೊಳ್ತೀರಾ ಅಂದ್ರೆ, ಹೊಸಬರಿಗೆ ಅಗಲ ಹಿಡಿಯ ಎರಕದ್ದೇ ವಾಸಿ.

ಈಗ ಕೆಲಸದ ಮಾತು. ಕೆಟಲ್‌ಬೆಲ್‌ನ ಜೀವ ಸ್ವಿಂಗ್‌ನಲ್ಲಿದೆ, ಅದನ್ನ ತಪ್ಪು ಕಲಿಯೋದು ತುಂಬಾ ಸುಲಭ. ನಾನು ಮೊದಲ ಒಂದು ತಿಂಗಳು ಕುಕ್ಕರಗಾಲಲ್ಲಿ ಕೂತು ಎದ್ದು ಭುಜದಿಂದ ಎತ್ತುತಿದ್ದೆ, ಸೊಂಟ ಹಿಡ್ಕೊಂಡು ಇದೇ ಸರಿ ಇಲ್ಲ ಅಂತ ಬೈಕೊಂಡಿದ್ದೆ. ಫೋನ್‌ನ ಪಕ್ಕದಲ್ಲಿ ಇಟ್ಟು ವಿಡಿಯೋ ಮಾಡ್ಕೊಂಡಾಗ್ಲೇ ಗೊತ್ತಾಗಿದ್ದು, ನಾನು ಮಾಡ್ತಿರೋದು ಸ್ವಿಂಗೇ ಅಲ್ಲ, ಬಾವಿಯಿಂದ ನೀರು ಸೇದೋ ತರ ಇದೆ. ಗೋಡೆಗೆ ಬೆನ್ನು ಮಾಡಿ ಒಂದಡಿ ಮುಂದೆ ನಿಂತು, ಮಂಡಿ ಜಾಸ್ತಿ ಬಗ್ಗಿಸದೆ ಕುಂಡಿಯನ್ನ ಹಿಂದಕ್ಕೆ ತಗೊಂಡೋಗಿ ಗೋಡೆ ಮುಟ್ಟಿಸೋದು, ಅದನ್ನ ಒಂದು ವಾರ ಮಾಡಿ, ಆಮೇಲೆ ಬೆಲ್ ಮುಟ್ಟಿ. ಕೈ ಬರೀ ಹಗ್ಗ ಇದ್ದಂಗೆ, ಎತ್ತೋದು ಸೊಂಟದ ಝಟ್ಕಾ. ಅದು ಕೂತ ದಿನ ಎದೆ ಮಟ್ಟಕ್ಕೆ ಬೆಲ್ ತಾನಾಗೇ ತೇಲಿ ಬರುತ್ತೆ, ಆ ಕ್ಷಣ ಭಾರವೇ ಇಲ್ಲ ಅನ್ಸುತ್ತೆ, ನಿಜ ಹೇಳ್ಬೇಕಂದ್ರೆ ಆ ಖುಷಿಗೇ ನಾನು ಎರಡು ವರ್ಷ ಬಿಡದೆ ಮಾಡಿದ್ದು.

ಸೊಂಟ ನೋವು ಕಮ್ಮಿ ಆಯ್ತಾ? ನಂಗೆ ಆಯ್ತು, ಮೂರ್ನಾಲ್ಕು ತಿಂಗಳು ಹಿಡೀತು. 2011ರಲ್ಲಿ ಬಂದ ಒಂದು ಅಧ್ಯಯನದಲ್ಲೂ ವಾರಕ್ಕೆ 3 ಸಲ, 20 ನಿಮಿಷದಂತೆ 8 ವಾರ ಕೆಟಲ್‌ಬೆಲ್ ಮಾಡ್ಸಿದ್ರು, ಕತ್ತು, ಭುಜ, ಕೆಳಬೆನ್ನಿನ ನೋವು ಇಳೀತು, ಆದ್ರೆ ಏರೋಬಿಕ್ ಸಾಮರ್ಥ್ಯ, ಅಂದ್ರೆ ದಮ್ಮು, ಏರ್ಲಿಲ್ಲ. ಇದನ್ನ ಯಾರೂ ಹೇಳಲ್ಲ ನೋಡಿ. ಸ್ವಿಂಗ್‌ನಲ್ಲಿ ಏದುಸಿರು ಬರುತ್ತೆ ಅಂದ ಮಾತ್ರಕ್ಕೆ ಓಡೋದು ಬೇಡ ಅಂತಲ್ಲ. ನಾನು 10 ನಿಮಿಷದಲ್ಲಿ 16 ಕೆಜಿಯಲ್ಲಿ 200 ಸ್ವಿಂಗ್ ಮಾಡ್ತಿದ್ದ ಕಾಲದಲ್ಲೂ 5 ಕಿಲೋಮೀಟರ್ ಓಡು ಅಂದ್ರೆ ಮೂರಕ್ಕೇ ನಡೆಯೋಕೆ ಶುರು ಮಾಡ್ತಿದ್ದೆ. (ಸಹಜವಾಗಿಯೇ ಇನ್ನೂ ಹಾಗೇ ಇದೀನಿ, ಓಡೋದು ನಂಗೆ ಆಗ್ಬರಲ್ಲ.)

ಕ್ಲೀನ್ (ಬೆಲ್ಲನ್ನ ಒಂದೇ ಏಟಿಗೆ ಭುಜದ ಹತ್ರ ತರೋದು) ಕಲಿಯೋವಾಗ ಮುಂಗೈ ನೀಲಿ ಆಗುತ್ತೆ, ಎಲ್ಲರಿಗೂ ಆಗುತ್ತೆ, ಬೆಲ್ ಮುಷ್ಟಿ ಮೇಲಿಂದ ಹಾರಿ ಬಂದು ಬಡಿಯೋಕೆ ಬಿಡಬಾರ್ದು, ಕೈಯನ್ನ ಹಿಡಿ ಒಳಗೆ ತೂರಿಸ್ಬೇಕು. ಸ್ನ್ಯಾಚ್‌ನಲ್ಲಿ (ಕೆಳಗಿಂದ ಒಂದೇ ಏಟಿಗೆ ತಲೆ ಮೇಲಕ್ಕೆ ಒಯ್ಯೋದು) ಹಿಡಿಯನ್ನ ಅಂಗೈ ಮಧ್ಯ ಹಿಡೀಬೇಡಿ, ಬೆರಳ ಬುಡದಲ್ಲಿ ಕೊಕ್ಕೆ ತರ ಹಿಡೀರಿ, ಜಡ್ಡುಗಟ್ಟಿದ್ದನ್ನ ವಾರಕ್ಕೊಂದ್ಸಲ ಉಜ್ಜಿ, ಇಲ್ಲಾಂದ್ರೆ ಒಂದಿನ ಸಿಪ್ಪೆ ಸುಲಿದಂಗೆ ಸುಲಿಯುತ್ತೆ. ಟರ್ಕಿಷ್ ಗೆಟಪ್ (ಬೆಲ್ಲನ್ನ ಒಂದು ಕೈಯಲ್ಲಿ ಮೇಲೆತ್ತಿ ಹಿಡ್ಕೊಂಡೇ ಮಲಗಿದಲ್ಲಿಂದ ಎದ್ದು ನಿಲ್ಲೋದು) ಮಾತ್ರ ಮೊದಲ ದಿನದಿಂದ್ಲೂ ನಿಧಾನಕ್ಕೆ ಮಾಡಿದ್ದಕ್ಕೋ ಏನೋ, ಒಂದು ಸಲಾನೂ ತೊಂದ್ರೆ ಕೊಟ್ಟಿಲ್ಲ, ಭುಜಕ್ಕೆ ಅದಕ್ಕಿಂತ ಒಳ್ಳೇದು ನಂಗೆ ಸಿಕ್ಕಿಲ್ಲ.

ಇಲ್ಲಿವರೆಗೂ ಎಲ್ಲ ಚೆನ್ನಾಗಿತ್ತು. ಗ್ರಹಚಾರ ಶುರುವಾಗಿದ್ದು ಪ್ರೆಸ್‌ನಲ್ಲಿ. ಒಂದೇ ಕೈಯಲ್ಲಿ 16 ಕೆಜಿಯನ್ನ ತಲೆ ಮೇಲೆ ಸಲೀಸಾಗಿ 10 ಸಲ ತಳ್ತಿದ್ದೆ, ಸರಿ ಅಂತ 24 ತಗೊಂಡೆ. ಅದು ಭುಜದಿಂದ ನಾಲ್ಕು ಬೆರಳು ಮೇಲೆ ಹೋಗಿ ನಿಂತುಬಿಡ್ತಿತ್ತು. ಏಳು ತಿಂಗಳು, ಸುಳ್ಳಲ್ಲ, ಏಳು ತಿಂಗಳು ವಾರಕ್ಕೆರಡು ಸಲ ಅದರ ಜೊತೆ ಜಗಳ. 16ರಿಂದ 24 ಅಂದ್ರೆ ಒಂದೇ ಏಟಿಗೆ 50% ಜಾಸ್ತಿ, ಯಾವ ಬಾರ್ಬೆಲ್ ಕೋಚ್ ಹತ್ರ ಹೋಗಿ ನಾಳೆಯಿಂದ 40 ಬಿಟ್ಟು 60 ತಳ್ತೀನಿ ಅಂದ್ರೂ ಉಗೀತಾರೆ, ಆದ್ರೆ ಕೆಟಲ್‌ಬೆಲ್‌ನಲ್ಲಿ ಇದೇ ಸಂಪ್ರದಾಯ ಅಂತ ನಾವೆಲ್ಲ ತಲೆ ಆಡಿಸ್ತೀವಿ. ಈ 16, 24, 32 ಎಲ್ಲಿಂದ ಬಂತು ಅಂತ ಹುಡುಕಿದ್ರೆ, ರಷ್ಯಾದ ಹಳೇ ತೂಕದ ಅಳತೆ ಪೂಡ್, ಒಂದು ಪೂಡ್ ಅಂದ್ರೆ ಸುಮಾರು 16.38 ಕೆಜಿ, ಹಂಗಾಗಿ ಒಂದು, ಒಂದೂವರೆ, ಎರಡು ಪೂಡ್. ದವಸ ಧಾನ್ಯ ತೂಗೋ ಲೆಕ್ಕ ಸ್ವಾಮಿ ಅದು, ನನ್ನ ಭುಜ ನೋಡಿ ಮಾಡಿದ್ದಲ್ಲ.

20 ಕೆಜಿ ಬೆಲ್ ಸಿಗುತ್ತೆ, ತಗೋಬೇಕಿತ್ತು, ಹಠ. ಬದಲಿಗೆ ಅಡ್ಜಸ್ಟಬಲ್ ತಗೊಂಡೆ, ಒಂದ್ರಲ್ಲೇ ಎಲ್ಲ ತೂಕ ಆಗುತ್ತಲ್ಲ ಅಂತ. ಒಳಗಿನ ಪ್ಲೇಟು ಪ್ರತಿ ಸ್ವಿಂಗ್‌ಗೂ ಗಲಗಲ ಅನ್ನುತ್ತೆ, ಆಕಾರ ಡಬ್ಬಿ ತರ ಇರೋದ್ರಿಂದ ಅಂಚು ಮುಂಗೈಗೆ ಒತ್ತುತ್ತೆ, ನಡುವೆ ಒಂದ್ಸಲ ಲಾಕ್ ಸಡಿಲ ಆಗಿ ಎದೆ ಝಲ್ಲಂತು. ಎಲ್ಲ ಅಡ್ಜಸ್ಟಬಲ್ಲೂ ಹೀಗೇ ಇರುತ್ತೆ ಅಂತ ಹೇಳಲ್ಲ, ನಂದು ಹೀಗಿತ್ತು, ಈಗ ಅದು ಬಾಗಿಲು ಮುಚ್ಚದಂಗೆ ಒತ್ತು ಕೊಡೋ ಕೆಲಸದಲ್ಲಿದೆ, ಆ ಕೆಲಸ ಅಚ್ಚುಕಟ್ಟಾಗಿ ಮಾಡ್ತಿದೆ.

ಆ ಕೋಪದಲ್ಲೇ ಬಾರ್ಬೆಲ್ ಕಡೆ ಹೋಗಿದ್ದು. ಮೊದಲ ದಿನ ಡೆಡ್‌ಲಿಫ್ಟ್‌ನಲ್ಲಿ (ನೆಲದಿಂದ ಬಾರ್ ಎತ್ತಿ ನಿಲ್ಲೋದು) 90 ಕೆಜಿ ಸರಾಗವಾಗಿ ಎದ್ದು ಬಂತು, ಅಷ್ಟು ತೂಕ ಹಿಂದೆ ಯಾವತ್ತೂ ಮುಟ್ಟಿರ್ಲಿಲ್ಲ, ಪಕ್ಕದಲ್ಲಿದ್ದೋರು ಎಷ್ಟು ವರ್ಷದಿಂದ ಮಾಡ್ತಿದೀರ ಅಂತ ಕೇಳಿದ್ರು, ನಾನು ಉಬ್ಬಿಹೋದೆ. ಅದೇ ದಿನ ಸ್ಕ್ವಾಟ್‌ಗೆ (ಭಾರ ಹೊತ್ತು ಕೂತು ಏಳೋದು) 50 ಕೆಜಿ ಹೆಗಲ ಮೇಲೆ ಹಾಕ್ಕೊಂಡ್ರೆ ಮೊಣಕಾಲು ಹುಟ್ಟಿದ ಕರು ತರ ಗಡಗಡ. ಆಗ ಅರ್ಥ ಆಯ್ತು. ಸ್ವಿಂಗ್ ಸೊಂಟ ಮಡಚಿ ಬಿಚ್ಚೋ ಚಲನೆ, ಡೆಡ್‌ಲಿಫ್ಟ್ ಅದರ ಅಣ್ಣ, ಆದ್ರಿಂದ ಅಲ್ಲಿ ಗಳಿಸಿದ್ದು ಇಲ್ಲಿ ಸಿಕ್ತು. ಆದ್ರೆ ತೊಡೆ ಮುಂಭಾಗಕ್ಕೆ ಎರಡು ವರ್ಷ ನಾನು ಕೊಟ್ಟಿದ್ದು ಎದೆಗವಚಿಕೊಂಡ 24 ಕೆಜಿಯ ಗಾಬ್ಲೆಟ್ ಸ್ಕ್ವಾಟ್ ಮಾತ್ರ, ಕಾಲಿಗೆ ಅದು ಎಷ್ಟರ ಮಟ್ಟಿಗೆ. 2012ರಲ್ಲಿ 6 ವಾರ ಎರಡು ಗುಂಪು ಮಾಡಿ ನೋಡಿದ ಒಂದು ಅಧ್ಯಯನದಲ್ಲೂ ಇದೇ ಬಂದಿದೆ, ವೇಟ್‌ಲಿಫ್ಟಿಂಗ್ ಗುಂಪು, ಕೆಟಲ್‌ಬೆಲ್ ಗುಂಪು ಎರಡೂ ಗಟ್ಟಿ ಆದ್ರು, ಆದ್ರೆ ಬ್ಯಾಕ್ ಸ್ಕ್ವಾಟ್‌ನಲ್ಲಿ ವೇಟ್‌ಲಿಫ್ಟಿಂಗ್‌ನೋರು ಜಾಸ್ತಿ ಮುಂದೆ ಹೋದ್ರು.

ಬಾರ್ಬೆಲ್‌ನ ಮಂತ್ರ ಏನೂ ಇಲ್ಲ, 1.25 ಕೆಜಿಯ ಎರಡು ಪುಟ್ಟ ಪ್ಲೇಟು, ಅಷ್ಟೇ. ಈ ವಾರ 40, ಮುಂದಿನ ವಾರ 42.5, ದೇಹಕ್ಕೆ ಗೊತ್ತೇ ಆಗದಂಗೆ ಏರಿಸ್ತಾ ಹೋಗ್ಬೋದು. ಒಂದು ವರ್ಷದಲ್ಲಿ ಸ್ಕ್ವಾಟ್ 95ಕ್ಕೆ ಬಂತು, ಡೆಡ್‌ಲಿಫ್ಟ್ 125, ಓವರ್‌ಹೆಡ್ ಪ್ರೆಸ್ ಖಾಲಿ ಬಾರ್ 20ರಿಂದ ಶುರುವಾಗಿ 50. ಪ್ಯಾಂಟ್ ತೊಡೆ ಹತ್ರ ಬಿಗಿ ಆಯ್ತು, ಇದು ಕೆಟಲ್‌ಬೆಲ್ ಕಾಲದಲ್ಲಿ ಆಗ್ಲೇ ಇರ್ಲಿಲ್ಲ. ಶುದ್ಧ ಬಲ ಬೇಕು, ಮೈ ತುಂಬ್ಕೋಬೇಕು ಅಂದ್ರೆ ಇದರ ಮುಂದೆ ಕೆಟಲ್‌ಬೆಲ್ ನಿಲ್ಲಲ್ಲ, ಇದರಲ್ಲಿ ನಂಗೆ ಈಗ ಅನುಮಾನ ಇಲ್ಲ.

ಆದ್ರೆ ಅದೇ ವರ್ಷ ಎಷ್ಟು ದಿನ ತಪ್ಪಿಸಿದೆ ಅಂತ ನನ್ನ ನೋಟ್‌ಬುಕ್ ನೋಡಿದ್ರೆ ನಾಚಿಕೆ ಆಗುತ್ತೆ. ಜಿಮ್‌ಗೆ ಹೋಗ್ಬೇಕು, ರ‍್ಯಾಕ್ ಖಾಲಿ ಆಗೋವರೆಗೂ ಕಾಯ್ಬೇಕು, ವಾರ್ಮಪ್ ಸೆಟ್, ಸೆಟ್ ಮಧ್ಯ 3 ನಿಮಿಷ ರೆಸ್ಟು, ಒಟ್ಟು ಒಂದೂಕಾಲು ಗಂಟೆ. ಕೆಲಸ ಜಾಸ್ತಿ ಇದ್ದ ವಾರ ಪೂರ್ತಿ ಸೊನ್ನೆ. ಕೆಟಲ್‌ಬೆಲ್ ಕಾಲದಲ್ಲಿ ಸೊನ್ನೆ ವಾರ ಅಂತ ಇರ್ಲೇ ಇಲ್ಲ, ಯಾಕಂದ್ರೆ ಅದು ಮೇಜಿನ ಕೆಳಗೆ ಕೂತು ನೋಡ್ತಾ ಇರುತ್ತೆ, 12 ನಿಮಿಷ ಸಿಕ್ರೆ ಮುಗೀತು. ಇನ್ನೊಂದು, ಎಂಟು ತಿಂಗಳಿಗೆ ಮೂರು ಮಹಡಿ ಹತ್ತಿದ್ರೆ ಉಸಿರು ಕಟ್ಟೋಕೆ ಶುರು ಆಯ್ತು, ಕಾಲಿನ ಬಲ ಡಬಲ್ ಆಗಿತ್ತು, ಶ್ವಾಸ ಮಾತ್ರ ಕೈಕೊಟ್ಟಿತ್ತು.

ಉಳಿದವು ಬೇಗ ಹೇಳ್ತೀನಿ. ಡಂಬೆಲ್, ಎದೆಗೂ ತೋಳಿಗೂ ಕೆಟಲ್‌ಬೆಲ್‌ಗಿಂತ ಚೆನ್ನಾಗಿ ಕೆಲಸ ಮಾಡುತ್ತೆ, ಕಲಿಯೋಕೆ ಏನೂ ಇಲ್ಲ, ಆದ್ರೆ ಸ್ವಿಂಗ್‌ಗೆ ಆಗಲ್ಲ, ಕೆಟಲ್‌ಬೆಲ್‌ನ ಭಾರ ಹಿಡಿಯಿಂದ ದೂರ ನೇತಾಡೋದೇ ಅದರ ಗುಟ್ಟು, ಡಂಬೆಲ್‌ನಲ್ಲಿ ಭಾರ ಮುಷ್ಟಿಯಲ್ಲೇ ಇರುತ್ತೆ. ಮಷೀನ್, ಗಾಯ ಆದವರಿಗೆ, ತೀರಾ ಹೊಸಬರಿಗೆ ಒಳ್ಳೇದು, ನಂಗೆ ನಿದ್ದೆ ಬರುತ್ತೆ. ಪುಲ್‌ಅಪ್ (ಬಾರ್‌ಗೆ ನೇತಾಡಿ ಮೈಯನ್ನ ಮೇಲಕ್ಕೆ ಎಳ್ಕೊಳೋದು) ಮಾತ್ರ ಯಾರೇ ಆಗ್ಲಿ ಬಿಡಬೇಡಿ, ಕೆಟಲ್‌ಬೆಲ್‌ನಲ್ಲಿ ಮೇಲಿಂದ ಕೆಳಗೆ ಎಳೆಯೋ ಕೆಲಸ ಒಂದೂ ಇಲ್ಲ, ಈ ಓಟೆಯನ್ನ ಬೇರೆ ಯಾವ್ದ್ರಿಂದ್ಲೂ ಮುಚ್ಚೋಕಾಗಲ್ಲ, ಒಂದು ಬಾರ್ ತಗುಲಿಸ್ಕೊಳಿ.

ಈಗ ನಂದು ಹೀಗಿದೆ: ವಾರಕ್ಕೆ ಎರಡು ದಿನ ಬಾರ್ಬೆಲ್‌ನಲ್ಲಿ ಸ್ಕ್ವಾಟ್, ಪ್ರೆಸ್, ಕಮ್ಮಿ ಸೆಟ್. ಮಿಕ್ಕಿದ ದಿನ ಮನೇಲಿ 24ರಲ್ಲಿ ಸ್ವಿಂಗ್, 16ರಲ್ಲಿ ಗೆಟಪ್, ಆಮೇಲೆ ಪುಲ್‌ಅಪ್. ಡೆಡ್‌ಲಿಫ್ಟ್ ತಿಂಗಳಿಗೊಂದ್ಸಲ, ಸ್ವಿಂಗೇ ಅದನ್ನ ಕಾಪಾಡ್ತಿದೆ, 120ರ ಕೆಳಗೆ ಇಳ್ದಿಲ್ಲ. ಮತ್ತೆ ಶುರು ಮಾಡೋ ಹಾಗಿದ್ರೆ 12, 16, 20 ಮೂರು ಬೆಲ್ ತಗೊಂಡು 24ನ್ನ ಒಂದು ವರ್ಷ ಮುಂದಕ್ಕೆ ಹಾಕ್ತಿದ್ದೆ, ಅಡ್ಜಸ್ಟಬಲ್ ಕಡೆ ತಿರುಗಿಯೂ ನೋಡ್ತಿರ್ಲಿಲ್ಲ. ಹೆಂಗಸರು 8 ಅಥವಾ 12ರಲ್ಲಿ ಶುರು ಮಾಡಿ ಅಂತ ಸಾಮಾನ್ಯವಾಗಿ ಹೇಳ್ತಾರೆ, ಸ್ವಿಂಗ್‌ಗೆ 8 ಬಹಳ ಬೇಗ ಹಗುರ ಆಗೋಗುತ್ತೆ, ನನ್ನ ಹೆಂಡತಿ ಎರಡೇ ತಿಂಗಳಿಗೆ ನನ್ನ 16ನ್ನ ಕಿತ್ಕೊಂಡ್ಲು, ಈಗ ನಾನು ಗೆಟಪ್ ಮಾಡ್ಬೇಕಂದ್ರೆ ಅವಳ ಟೈಮ್ ನೋಡ್ಕೋಬೇಕು.

ಆ 24 ಪ್ರೆಸ್ ಏನಾಯ್ತು ಅಂತೀರಾ? ಬಾರ್ಬೆಲ್ ಪ್ರೆಸ್ 50 ಮುಟ್ಟಿದ ವಾರ ಮನೆಗೆ ಬಂದು ಸುಮ್ನೆ ಕ್ಲೀನ್ ಮಾಡಿ ತಳ್ಳಿದೆ, ನಿಧಾನಕ್ಕೆ, ಹಲ್ಲು ಕಚ್ಕೊಂಡು, ಹೋಯ್ತು. ಏಳು ತಿಂಗಳು ಅದನ್ನೇ ತಳ್ಳಿ ಆಗದೇ ಇದ್ದಿದ್ದು, ಅದನ್ನ ಮುಟ್ಟದೇ ಒಂದು ವರ್ಷ 2.5 ಕೆಜಿ ಲೆಕ್ಕದಲ್ಲಿ ಬೇರೆ ಕಡೆ ಏರಿದ್ಮೇಲೆ ಆಯ್ತು. ಈಗ ಬಲಗೈಯಲ್ಲಿ 5 ಸಲ ಹೋಗುತ್ತೆ. ಎಡಗೈ ಇನ್ನೂ ಎರಡಕ್ಕೇ ನಿಂತಿದೆ, ಮೂರನೇದು ಕಿವಿ ಹತ್ರ ಬಂದು ಯೋಚನೆ ಮಾಡುತ್ತೆ, ವಾಪಸ್ ಇಳಿಯುತ್ತೆ.