ದಾವಣಗೆರೆ–ದುರ್ಗದ ದಾರಿಗೆ ಯಾವ ಯೆಜ್ಡಿ?

ದಿನಾ ಓಡಿಸಲಿಕ್ಕೆ, ವಾರಕ್ಕೊಮ್ಮೆ ಹೈವೇ ಹತ್ತಲಿಕ್ಕೆ ಹಳೇ ಯೆಜ್ಡಿ ಬೈಕ್ ಬೇಕಾದರೆ ರೋಡ್‌ಕಿಂಗ್ ತಗೊಳ್ಳಿ. ಊರೊಳಗಿನ ಓಡಾಟ, ಸಂಜೆ ಹೊತ್ತು ಹದಡಿ ರೋಡಲ್ಲಿ ಒಂದು ಸುತ್ತು ಅಷ್ಟೇ ಅಂದರೆ ಕ್ಲಾಸಿಕ್ ಸಾಕು, ಖರ್ಚೂ ಕಮ್ಮಿ. ಟ್ಯಾಂಕಿನ ಮೇಲೆ ಜಾವಾ ಅಂತಿರುವ 60ರ ದಶಕದ ಗಾಡಿಗೆ ಕೈ ಹಾಕುವುದಾದರೆ ಒಂದು ಮಾತು ಖಾತ್ರಿ ಮಾಡಿಕೊಳ್ಳಿ: ಅದರ ಮೇಲೆ ಇರುವುದೆಲ್ಲ ಅದರದ್ದೇ ಆಗಿರಬೇಕು. ಬೇರೆ ಗಾಡಿಯ ಸಾಮಾನು ಕೂಡಿಸಿ ಕಟ್ಟಿದ ಜಾವಾಕ್ಕೆ ಜಾವಾದ ಬೆಲೆ ಕೊಡುವುದು ದುಡ್ಡನ್ನು ನೀರಿಗೆ ಹಾಕಿದಂತೆ.

ಇವೆಲ್ಲ ನಮ್ಮ ಮೈಸೂರಿನ ಗಾಡಿಗಳೇ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಜಾವಾ ಹೆಸರಲ್ಲಿ, 1973ರ ಸುಮಾರಿನಿಂದ ಯೆಜ್ಡಿ ಹೆಸರಲ್ಲಿ, 1996ರಲ್ಲಿ ಬಾಗಿಲು ಹಾಕುವವರೆಗೂ ತಯಾರಾದವು. ಇಷ್ಟು ವರ್ಷದಲ್ಲೂ 250ರ ಎಂಜಿನ್ನಿನ ಮೂಲ ಲೆಕ್ಕ ಬದಲಾಗಲಿಲ್ಲ: 65 ಮಿ.ಮೀ. ಬೋರ್, 75 ಮಿ.ಮೀ. ಸ್ಟ್ರೋಕ್, 248.5 ಸಿಸಿ, ಟೂ ಸ್ಟ್ರೋಕ್, ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್. ಹೀಗಾಗಿ ಒಂದರ ಸಾಮಾನು ಇನ್ನೊಂದಕ್ಕೆ ಎಷ್ಟೋ ಕಡೆ ಕೂರುತ್ತದೆ. ರಿಪೇರಿಗೆ ಇದು ದೊಡ್ಡ ಅನುಕೂಲ, ಮೋಸಕ್ಕೂ ಅಷ್ಟೇ. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರಲ್ಲಿ ಮತ್ತೆ ಬಂದವು ಫೋರ್ ಸ್ಟ್ರೋಕ್, ನೀರಿನ ಕೂಲಿಂಗ್ ಇರುವ ಬೇರೆಯೇ ಗಾಡಿಗಳು. ಅವುಗಳ ಮಾತು ಇಲ್ಲಿ ಬೇಡ.

ಜಾವಾದಿಂದಲೇ ಶುರು ಮಾಡೋಣ. 16 ಇಂಚಿನ ಚಕ್ರ, ಹೆಡ್‌ಲೈಟಿನ ಡೂಮಿನಲ್ಲೇ ಕೂತ ಸ್ಪೀಡೋಮೀಟರ್, ಪಕ್ಕಕ್ಕೆ ಕ್ರೋಮ್ ಹೊದ್ದ ಟ್ಯಾಂಕು, ಅದಕ್ಕೆ ಮೊಣಕಾಲಿನ ರಬ್ಬರು. ನೋಡಲಿಕ್ಕೆ ಇದಕ್ಕಿಂತ ಚೆಂದದ ಮೋಟರ್‌ಸೈಕಲ್ ನಮ್ಮ ರಸ್ತೆಗೆ ಬಂದಿಲ್ಲ ಅಂತಲೇ ನಮ್ಮ ಅಭಿಪ್ರಾಯ. ಆದರೆ ಶಕ್ತಿ ಸುಮಾರು 12 ಕುದುರೆ, ಬ್ರೇಕು ಅಂದಿನ ರಸ್ತೆಗೆ ತಕ್ಕದ್ದು, ಲೈಟು 6 ವೋಲ್ಟಿನದು. ಎನ್‌ಎಚ್ 48ರಲ್ಲಿ ಲಾರಿಗಳ ನಡುವೆ ರಾತ್ರಿ ಓಡಿಸುವ ಗಾಡಿ ಅಲ್ಲ. ಮಾರುಕಟ್ಟೆಯಲ್ಲಿ ಕಾಣುವ ‘ಜಾವಾ’ಗಳಲ್ಲಿ ಕ್ಲಾಸಿಕ್ ಚಾಸಿಗೆ ಹೊಸದಾಗಿ ಹೊಡೆಸಿದ ಟ್ಯಾಂಕು, ಸ್ಟಿಕರು ಹಾಕಿದವೂ ಇರುತ್ತವೆ. ಪತ್ತೆಗೆ ಆರ್‌ಸಿಯಲ್ಲಿ ತಯಾರಾದ ವರ್ಷ ನೋಡಿ. 80ರ ದಶಕದ ವರ್ಷ ಇದ್ದರೆ ಅದು ಜಾವಾ ಅಲ್ಲ, ಮಾತು ಅಲ್ಲಿಗೆ ಮುಗಿಯಿತು. ವರ್ಷ ಸರಿ ಇದ್ದರೆ ಮಡ್‌ಗಾರ್ಡಿನ ಕೆಳಗೆ, ಟೂಲ್‌ಬಾಕ್ಸಿನ ಒಳಗೆ ಕೈಯಾಡಿಸಿ. ಹಳೇ ತಗಡು ದಪ್ಪ, ಅಂಚು ನುಣುಪು. ಈಗ ಹೊಡೆದದ್ದು ತೆಳ್ಳಗೆ, ಬೆರಳಿಂದ ತಟ್ಟಿದರೆ ಡಬ್ಬದ ಸದ್ದು.

ನಡುವೆ ಆಯಿಲ್ ಕಿಂಗ್ ಅಂತೊಂದು ಬಂತು. ಪೆಟ್ರೋಲಿಗೆ ಬೆರೆಸುವ 2ಟಿ ಆಯಿಲಿಗೆ ಅದರಲ್ಲಿ ಬೇರೆ ಪಂಪಿತ್ತು. ಈಗ ಸಿಕ್ಕರೆ ಆ ಪಂಪ್ ಕೆಲಸ ಮಾಡುತ್ತದೆ ಅನ್ನುವ ಭರವಸೆ ಇಟ್ಟುಕೊಳ್ಳಬೇಡಿ. ಪಂಪ್ ತೆಗೆದು ಪೆಟ್ರೋಲಿಗೇ ಆಯಿಲ್ ಬೆರೆಸಿ ಓಡಿಸುತ್ತಿದ್ದರೆ ತೊಂದರೆ ಇಲ್ಲ. ಪಂಪೂ ಇದೆ, ಬೆರಕೆಯೂ ಬೇಡ ಅಂತ ಮಾರುವವರು ಹೇಳಿದರೆ ಅಂಥ ಗಾಡಿ ಬಿಟ್ಟುಬಿಡಿ. ಪಂಪ್ ನಿಂತ ಗಳಿಗೆಯೇ ಆಯಿಲಿಲ್ಲದೆ ಪಿಸ್ಟನ್ ಸಿಲಿಂಡರಿಗೆ ಕಚ್ಚಿ ಹಿಡಿಯುತ್ತದೆ.

ಕ್ಲಾಸಿಕ್ ಅಂದರೆ ಜಾವಾದ ರೂಪವನ್ನೇ ಹಿಡಿದು ಬಂದದ್ದು: ಅದೇ 16 ಇಂಚಿನ ಚಕ್ರ, ಅದೇ ದುಂಡು ಮೈ, ಸುಮಾರು 13 ಕುದುರೆ. ಹಿಂದಿನ ಚೈನು ಪೂರ್ತಿ ಮುಚ್ಚಿದ ಕೇಸಿನೊಳಗೆ, ರಬ್ಬರ್ ತೋಳುಗಳ ನಡುವೆ ಓಡುತ್ತದೆ. ನಮ್ಮ ಕಡೆಯ ಎರೆಮಣ್ಣಿನ ಧೂಳಿಗೆ ಇದು ವರ. ಆ ರಬ್ಬರು ಹರಿದಿಲ್ಲದಿದ್ದರೆ ಚೈನ್ ವರ್ಷಗಟ್ಟಲೆ ಬಾಳುತ್ತದೆ. ಕೆಳಗಿನ ವೇಗದಲ್ಲಿ ಎಳೆತ ಚೆನ್ನಾಗಿದೆ, ಮಂಡಿಪೇಟೆಯ ಇಕ್ಕಟ್ಟಿನಲ್ಲಿ ಎರಡನೇ ಗೇರಿನಲ್ಲೇ ಆರಾಮಾಗಿ ಹೋಗುತ್ತದೆ. ಗಂಟೆಗೆ 55–60 ಕಿ.ಮೀ. ದಾಟಿದ ಮೇಲೆ ಮಾತ್ರ ಹ್ಯಾಂಡಲ್ಲಿನಲ್ಲಿ ನಡುಕ ಶುರು. ಅದು ಆ ಗಾಡಿಯ ಸ್ವಭಾವ. ಅದಕ್ಕೆ ಬುಶ್ ಬದಲಿಸುತ್ತಾ ಕೂರಬೇಡಿ.

1978ರಲ್ಲಿ ಬಂದ ರೋಡ್‌ಕಿಂಗ್ ಬೇರೆ ಜಾತಿ. 18 ಇಂಚಿನ ಚಕ್ರ, 16 ಕುದುರೆ, ಉದ್ದ ನಿಲುವು. ದಾವಣಗೆರೆಯಿಂದ ದುರ್ಗಕ್ಕೆ ಸುಮಾರು 60 ಕಿ.ಮೀ.; ರೋಡ್‌ಕಿಂಗ್ ಅದನ್ನು ಗಂಟೆಗೆ 70 ಕಿ.ಮೀ. ಆಸುಪಾಸಿನಲ್ಲಿ ಉಸಿರು ಕಟ್ಟದೆ ಮುಗಿಸುತ್ತದೆ, ಕ್ಲಾಸಿಕ್ಕಿಗೆ ನಡುವೆ ಭರಮಸಾಗರದಲ್ಲಿ ಒಂದು ಚಹಾದ ಹೊತ್ತು ಬಿಡುವು ಕೊಡುವುದು ಒಳ್ಳೆಯದು. ರೋಡ್‌ಕಿಂಗಿನಲ್ಲೂ ಎರಡು ಬಗೆ: ಪ್ಲಗ್ಗಿನ ಕಿಡಿಯ ಹೊತ್ತನ್ನು ಪಾಯಿಂಟ್ಸ್ ಅನ್ನುವ ತೆರೆದು ಮುಚ್ಚುವ ಲೋಹದ ತುದಿಗಳು ನಿಭಾಯಿಸುವುದು, ಅದೇ ಕೆಲಸಕ್ಕೆ ಸಿಡಿಐ ಅನ್ನುವ ಎಲೆಕ್ಟ್ರಾನಿಕ್ ಯೂನಿಟ್ ಇರುವ ಕೊನೆಯ ವರ್ಷಗಳದ್ದು. ಸಿಡಿಐ ಇದ್ದರೆ ಟೈಮಿಂಗ್ ಅಲುಗುವುದಿಲ್ಲ, ಸ್ಟಾರ್ಟಿಂಗ್ ಸಲೀಸು. ಕೆಟ್ಟರೆ ಮಾತ್ರ ದಾರಿ ಮಧ್ಯೆ ಏನೂ ಮಾಡಲಾಗದು, ಒರಿಜಿನಲ್ ಯೂನಿಟ್ಟೂ ಸುಲಭಕ್ಕೆ ಸಿಗದು. ಪಾಯಿಂಟ್ಸ್ ಆದರೆ ಒಂದು ಉಪ್ಪುಕಾಗದದ ಚೂರು, 0.4 ಮಿ.ಮೀ. ಫೀಲರ್ ಗೇಜು, ಒಂದು ಸ್ಕ್ರೂಡ್ರೈವರ್ ಇದ್ದರೆ ರಸ್ತೆ ಬದಿಯಲ್ಲೇ ಹತ್ತು ನಿಮಿಷದ ಕೆಲಸ. ದೂರ ಓಡಿಸುವವರಿಗೆ ನಮ್ಮ ಆಯ್ಕೆ ಪಾಯಿಂಟ್ಸ್ ರೋಡ್‌ಕಿಂಗೇ.

ಯಾವುದಾದರೂ ಸರಿ, ನೋಡಲು ಹೋದಾಗ ಮೊದಲ ಕೆಲಸ ಸಿಲಿಂಡರ್ ಹೆಡ್ಡಿನ ರೆಕ್ಕೆಗಳ ಮೇಲೆ ಕೈ ಇಡುವುದು. ಬಿಸಿ ಇದ್ದರೆ “ಇನ್ನೊಂದು ದಿನ ಬರ್ತೀನಿ ಅಣ್ಣ, ಅವತ್ತು ಸ್ಟಾರ್ಟ್ ಮಾಡಿರಬೇಡಿ” ಅಂತ ಹೇಳಿ ಎದ್ದು ಬನ್ನಿ. ಬಿಸಿ ಎಂಜಿನ್ ಒಂದೇ ಕಿಕ್ಕಿಗೆ ಏಳುವುದರಲ್ಲಿ ಹೆಚ್ಚುಗಾರಿಕೆ ಇಲ್ಲ. ತಣ್ಣಗಿದ್ದರೆ ಪೆಟ್ರೋಲ್ ಕಾಕ್ ತೆರೆದು, ಕಾರ್ಬುರೇಟರಿನ ಮೇಲಿನ ಪುಟ್ಟ ಗುಂಡಿಯನ್ನು ಬೆರಳಲ್ಲಿ ಒತ್ತಿ ಹಿಡಿಯಿರಿ. ಪೆಟ್ರೋಲ್ ಒಸರಿದ ಮೇಲೆ ಬಿಡಿ. ಬಿಟ್ಟ ಮೇಲೂ ತೊಟ್ಟಿಕ್ಕುತ್ತಲೇ ಇದ್ದರೆ ಒಳಗೆ ಪೆಟ್ರೋಲ್ ತಡೆಯುವ ಫ್ಲೋಟ್ ನೀಡಲ್ ಸವೆದಿದೆ.

ಆಮೇಲೆ ಲಿವರ್. ಈ ಗಾಡಿಯಲ್ಲಿ ಕಿಕ್ಕೂ ಗೇರೂ ಎಡಗಡೆಯ ಒಂದೇ ಲಿವರ್. ಎಂಜಿನ್ ಕಡೆಗೆ ಒಳಕ್ಕೆ ಒತ್ತಿ ಹಿಂದಕ್ಕೆ ಮೇಲಕ್ಕೆ ತಿರುಗಿಸಿದರೆ ಕಿಕ್ಕಾಗುತ್ತದೆ, ಸ್ಟಾರ್ಟಾದ ಮೇಲೆ ಮುಂದಕ್ಕೆ ಬಂದು ಗೇರಾಗುತ್ತದೆ. ಒಳಕ್ಕೆ ಒತ್ತಿದಾಗ ‘ಟಕ್’ ಅಂತ ಖಚಿತವಾಗಿ ಕೂರಬೇಕು. ಒದ್ದಾಗ ಮೊದಲ ಕಾಲು ಸುತ್ತು ಹಗುರಾಗಿ ಜಾರಿ ಆಮೇಲೆ ಹಿಡಿದರೆ ಒಳಗಿನ ಹಲ್ಲು ಸವೆದಿದೆ. ಲಿವರ್ ತಾನಾಗಿ ವಾಪಸು ಬರದೆ ಕಾಲಿಂದ ಎಳೆಯಬೇಕಾದರೆ ಸ್ಪ್ರಿಂಗ್ ಸೋತಿದೆ. ಸ್ಪ್ರಿಂಗ್ ಸಣ್ಣ ಖರ್ಚು, ಹಲ್ಲಿನ ಕೆಲಸಕ್ಕೆ ಎಂಜಿನ್ ಬಿಚ್ಚಬೇಕು. ಶಾಫ್ಟಿನ ಗೀರು ಹಲ್ಲುಗಳು ಹೋಗಿ ಲಿವರನ್ನು ವೆಲ್ಡಿಂಗ್ ಮಾಡಿ ನಿಲ್ಲಿಸಿದ್ದರೆ ಬೆಲೆ ಚೆನ್ನಾಗಿ ಇಳಿಸಿ ಕೇಳಿ. ಆ ವೆಲ್ಡಿಂಗ್ ಒಡೆಯದೆ ಮುಂದೆ ಕ್ಲಚ್ ಕವರ್ ತೆಗೆಯಲು ಆಗುವುದಿಲ್ಲ.

ಇದೇ ಲಿವರಿನ ಇನ್ನೊಂದು ವಿಶೇಷ, ಕೈಯ ಕ್ಲಚ್ ಹಿಡಿಯದೆಯೂ ಗೇರ್ ಬೀಳುತ್ತದೆ. ಲಿವರ್ ಒತ್ತುವ ಮೊದಲರ್ಧದಲ್ಲಿ ಕ್ಲಚ್ ತಾನೇ ಬಿಡುತ್ತದೆ. ಓಡುವಾಗ ಹಾಗೆ ಒಂದೆರಡು ಗೇರ್ ಹಾಕಿ ನೋಡಿ. ಕರಕರ ಅಂದರೆ ಕ್ಲಚ್ ಅಡ್ಜಸ್ಟ್‌ಮೆಂಟ್ ಸಡಿಲ. ಅದನ್ನೇ ಅತಿಯಾಗಿ ಬಿಗಿ ಮಾಡಿದ್ದರೆ ಏರಿನಲ್ಲಿ ಕ್ಲಚ್ ಜಾರುತ್ತದೆ. ಇದಕ್ಕೆ ಜೋಗಿಮಟ್ಟಿಯ ಏರಿಗಿಂತ ಒಳ್ಳೆಯ ಪರೀಕ್ಷೆ ಇಲ್ಲ: ಹಿಂದೆ ಒಬ್ಬರನ್ನು ಕೂರಿಸಿಕೊಂಡು ಎರಡನೇ ಗೇರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಕೊಡಿ. ಎಂಜಿನ್ ಸದ್ದು ಏರಿ ಗಾಡಿ ಏರದಿದ್ದರೆ ಅಡ್ಜಸ್ಟ್‌ಮೆಂಟ್ ಇಲ್ಲವೇ ಪ್ಲೇಟು, ಎರಡರಲ್ಲೊಂದು.

ಇನ್ನು ಹೊಗೆ. ಟೂ ಸ್ಟ್ರೋಕಿಗೆ ಹೊಗೆ ಇದ್ದದ್ದೇ, ಆದರೆ ಯಾವ ಹೊಗೆ ಅಂತ ನೋಡಬೇಕು. ಎಂಜಿನ್ ಬಿಸಿಯಾಗಿ ಹತ್ತು ನಿಮಿಷವಾದ ಮೇಲೂ ದಟ್ಟ ಬಿಳಿಹೊಗೆ, ಸುಟ್ಟ ಗೇರ್ ಆಯಿಲಿನ ಘಾಟು ಬಂದರೆ ಎಡಗಡೆಯ ಕ್ರ್ಯಾಂಕ್ ಸೀಲ್, ಅಂದರೆ ಕ್ರ್ಯಾಂಕ್ ಶಾಫ್ಟಿನ ಸುತ್ತ ಆಯಿಲ್ ತಡೆಯುವ ರಬ್ಬರ್ ಬಳೆ, ಹೋಗಿದೆ. ಪ್ರೈಮರಿ ಚೈನು, ಕ್ಲಚ್ಚು, ಗೇರು ಎಲ್ಲಕ್ಕೂ ಒಂದೇ ಆಯಿಲು, ಸುಮಾರು ಒಂದು ಲೀಟರ್. ಸೀಲ್ ಹೋದಾಗ ಕ್ರ್ಯಾಂಕ್‌ಕೇಸು ಅದನ್ನೇ ಎಳೆದು ಸುಡುತ್ತದೆ. ಗೇರ್ ಆಯಿಲ್ ಮಟ್ಟ ಪದೇ ಪದೇ ಇಳಿಯುತ್ತದೆ, ಹೊರಗೆ ಒಂದು ಹನಿಯೂ ಕಾಣುವುದಿಲ್ಲ.

ಬಲಗಡೆಯ, ಅಂದರೆ ಡೈನಮೋ ಕಡೆಯ ಸೀಲ್ ಇನ್ನೂ ಅಪಾಯ. ಅದು ಹೋದರೆ ಹೊಗೆ ಬರುವುದಿಲ್ಲ, ಗಾಳಿ ಒಳಗೆ ನುಗ್ಗುತ್ತದೆ. ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ಜೋರಾಗಿಯೇ ಓಡುತ್ತದೆ, ಪ್ಲಗ್ ತೆಗೆದರೆ ತುದಿ ಸುಣ್ಣದಂತೆ ಬಿಳಿ. ಕಾಫಿಪುಡಿ ಬಣ್ಣ ಇರಬೇಕಿತ್ತು. ಅಂಥ ಎಂಜಿನ್ನನ್ನು ಏಪ್ರಿಲ್ ಬಿಸಿಲಲ್ಲಿ ಹೈವೇಯಲ್ಲಿ ಎಳೆದರೆ ಪಿಸ್ಟನ್ ಹಿಡಿಯುವುದು ಖಂಡಿತ. ಬಲಗಡೆಯ ಕವರ್ ಬಿಚ್ಚಿಸಿ ನೋಡಿ. ಡೈನಮೋ ಸುತ್ತ ಒದ್ದೆ ಒದ್ದೆ ಇದ್ದರೆ ಇದೇ ಕಾರಣ. ಪಾಯಿಂಟ್ಸ್ ಪದೇ ಪದೇ ಕಪ್ಪಾಗುವುದಕ್ಕೂ ಇದೇ ಮೂಲ. ಸೀಲ್ ಬೆಲೆ ಏನೂ ಅಲ್ಲ. ಹಾಗಾಗಿ ಕ್ಲಚ್ಚೋ ಡೈನಮೋವೋ ಯಾವ ನೆಪಕ್ಕೆ ಬಿಚ್ಚಿದರೂ ಆ ಕಡೆಯ ಸೀಲ್ ಹೊಸದು ಹಾಕಿಸಿಬಿಡಿ.

ಕವರ್ ಬಿಚ್ಚಿದಾಗಲೇ, ಗಾಡಿ ನ್ಯೂಟ್ರಲಿನಲ್ಲಿಟ್ಟು, ಡೈನಮೋ ರೋಟರನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹಿಂದೆ ಮುಂದೆ ಅಲುಗಿಸಿ. ‘ಟಿಕ್ ಟಿಕ್’ ಅಂತ ಬಡಿತ ಕೈಗೆ ತಾಗಿದರೆ ಕನೆಕ್ಟಿಂಗ್ ರಾಡಿನ ಬೇರಿಂಗ್ ಸವೆದಿದೆ. ಕ್ರ್ಯಾಂಕ್ ಹೊರತೆಗೆದು, ಒತ್ತಿ ಬಿಚ್ಚಿ, ಹೊಸ ಪಿನ್ನು ರಾಡು ಹಾಕಿ, ಲೇತಿನಲ್ಲಿ ಓಟ ಸರಿ ನೋಡಿ ಕೂಡಿಸುವುದು ಪಳಗಿದ ಕೈಯ ಕೆಲಸ. ಸೊಟ್ಟ ಕೂಡಿಸಿದರೆ ಸೀಲು, ಬೇರಿಂಗು ಎರಡೂ ಆರು ತಿಂಗಳಿಗೇ ಮುಗಿದವು. ಬೋರು, ಅಂದರೆ ಸವೆದ ಸಿಲಿಂಡರನ್ನು ಕೊರೆಸಿದ್ದು, ಎಷ್ಟನೇದು ಅಂತಲೂ ಕೇಳಿ. ಹೆಡ್ ಬಿಚ್ಚಿದರೆ ಪಿಸ್ಟನ್ ನೆತ್ತಿಯ ಮೇಲೆ ಸೈಜು ಹೊಡೆದಿರುತ್ತದೆ: 65.00 ಅಂದರೆ ಸ್ಟ್ಯಾಂಡರ್ಡ್, ಆಮೇಲೆ ಕಾಲು ಕಾಲು ಮಿ.ಮೀ. ಏರುತ್ತದೆ. 66 ದಾಟಿದ್ದರೆ ಮುಂದೆ ಸಿಲಿಂಡರಿನೊಳಗೆ ಹೊಸ ಕೊಳವೆ (ಸ್ಲೀವ್) ಹಾಕಿಸಲು ಸಿದ್ಧರಿರಿ.

ವೇಗ 60ರ ಮೇಲೆ ಏರುವುದೇ ಇಲ್ಲ, ಆದರೆ ಸದ್ದು ಹೊಗೆ ಎಲ್ಲ ಸರಿ ಇದೆ ಅನ್ನುವ ಗಾಡಿ ಸಿಕ್ಕರೆ ಎಂಜಿನ್ ಬಿಚ್ಚುವ ಮೊದಲು ಸೈಲೆನ್ಸರ್ ನೋಡಿ. ಒಳಗಿನ ಬ್ಯಾಫಲ್, ಅಂದರೆ ಸದ್ದು ತಗ್ಗಿಸುವ ತೂತಿನ ಕೊಳವೆ, ಕಾರ್ಬನ್ನಿನಿಂದ ಕಟ್ಟಿಕೊಂಡಿರುತ್ತದೆ. ಹೊರಗೆಳೆದು ಕಾಸ್ಟಿಕ್ ಸೋಡಾ ನೀರಿನಲ್ಲಿ ರಾತ್ರಿಯಿಡೀ ನೆನೆಸಿ ತಂತಿ ಬ್ರಶ್ಶಿನಿಂದ ಉಜ್ಜಿದರೆ ಗಾಡಿಗೆ ಹೊಸ ಉಸಿರು. ಕೈಗೆ ರಬ್ಬರ್ ಗ್ಲೌಸ್ ಬೇಕೇ ಬೇಕು, ಅಲ್ಯೂಮಿನಿಯಂ ಪಾತ್ರೆ ಬೇಡವೇ ಬೇಡ. ಬ್ಯಾಫಲ್ ಕಿತ್ತೆಸೆದು ‘ಡುಗ್ ಡುಗ್’ ಸದ್ದಿಗೆ ಓಡಿಸುವವರಿದ್ದಾರೆ. ಹಾಗೆ ಮಾಡಿದರೆ ಹಸಿ ಮಿಶ್ರಣ ಸುಡದೆ ಹೊರಗೆ ಹೋಗಿ ಕೆಳಗಿನ ಎಳೆತ ಸಾಯುತ್ತದೆ, ಪೆಟ್ರೋಲೂ ಜಾಸ್ತಿ ಕುಡಿಯುತ್ತದೆ.

ಪೆಟ್ರೋಲ್ ವಿಚಾರಕ್ಕೆ ಈಗ ಸ್ವಲ್ಪ ಗಮನ ಬೇಕು. ಬಂಕಿನಲ್ಲಿ ಸಿಗುವುದು ಶೇ. 20 ಎಥನಾಲ್ ಬೆರೆತದ್ದು. ಹಳೇ ರಬ್ಬರ್ ಪೈಪು, ಕಾಕಿನ ವಾಶರು ಅದಕ್ಕೆ ಉಬ್ಬಿ ಮೆತ್ತಗಾಗುತ್ತವೆ, ಪುಡಿಯಾಗಿ ಕಾರ್ಬುರೇಟರಿನ ಜೆಟ್ಟಿಗೆ (ಪೆಟ್ರೋಲ್ ಹಾಯುವ ಸಣ್ಣ ತೂತಿಗೆ) ಸಿಕ್ಕಿಕೊಳ್ಳುತ್ತವೆ. ಗಾಡಿ ತಂದ ದಿನವೇ ಎಥನಾಲ್ ತಡೆಯುವ ಪೈಪ್ ಹಾಕಿ. ಎಥನಾಲ್ ನೀರನ್ನು ಹೀರುತ್ತದೆ; ಮಳೆಗಾಲದಲ್ಲಿ ಅರ್ಧ ಟ್ಯಾಂಕ್ ಇಟ್ಟು ತಿಂಗಳುಗಟ್ಟಲೆ ನಿಲ್ಲಿಸಿದರೆ ತಳದಲ್ಲಿ ನೀರು ನಿಂತು ತುಕ್ಕು ಹಿಡಿಯುತ್ತದೆ. ಮಿಶ್ರಣವೂ ತುಸು ತೆಳುವಾಗುವುದರಿಂದ ಪ್ಲಗ್ ಬಿಳಿಚಿದರೆ ಮೇನ್ ಜೆಟ್ ಒಂದು ಸೈಜ್ ದೊಡ್ಡದು ಹಾಕಿಸಿ. ಆಯಿಲ್ ಲೀಟರಿಗೆ 40 ಮಿ.ಲೀ., ಬೋರಿಂಗ್ ಮಾಡಿಸಿದ ಮೊದಲ 500 ಕಿ.ಮೀ.ಗೆ 50 ಮಿ.ಲೀ. ಡಬ್ಬದ ಮೇಲೆ ಜಾಸೋ ಎಫ್‌ಸಿ (JASO FC) ಅಂತ ದರ್ಜೆ ಬರೆದ 2ಟಿ ಆಯಿಲ್ ಸಾಕು. ಟ್ಯಾಂಕಿಗೆ ಮೊದಲು ಆಯಿಲ್, ಅದರ ಮೇಲೆ ಪೆಟ್ರೋಲ್, ಆಗ ತಾನಾಗಿ ಬೆರೆಯುತ್ತದೆ.

ಕಾಗದದ ವಿಷಯದಲ್ಲಿ ನಾವು ಎಂಜಿನ್ನಿಗಿಂತ ಕಟ್ಟುನಿಟ್ಟು. ಚಾಸಿ ನಂಬರು, ಎಂಜಿನ್ ನಂಬರು ಎರಡನ್ನೂ ಪೆನ್ಸಿಲ್ ಉಜ್ಜಿ ಕಾಗದದ ಮೇಲೆ ತೆಗೆದು ಆರ್‌ಸಿ ಪಕ್ಕ ಇಟ್ಟು ಅಂಕಿ ಅಂಕಿ ಹೋಲಿಸಿ. ಅರೆದು ಮತ್ತೆ ಹೊಡೆದ ಜಾಗ ಪೆನ್ಸಿಲ್ ಗುರುತಿನಲ್ಲಿ ಕಣ್ಣಿಗಿಂತ ಚೆನ್ನಾಗಿ ತೋರುತ್ತದೆ. ಕೆಎ ಅಕ್ಷರ ಇಲ್ಲದ ಹಳೇ ನಂಬರಿನ ಗಾಡಿಯಾದರೆ ಅದರ ವಿವರ ಆನ್‌ಲೈನಿಗೆ ಏರಿದೆಯೇ ನೋಡಿ. ಇಲ್ಲದಿದ್ದರೆ ಹಳೇ ದಾಖಲೆಯನ್ನು ಆನ್‌ಲೈನಿಗೆ ಏರಿಸುವ ಬ್ಯಾಕ್‌ಲಾಗ್ ಎಂಟ್ರಿ ಮಾಡಿಸುವ ಹೊಣೆ ಮಾರುವವರದೇ ಇರಲಿ, ಅದಾದ ಮೇಲೆ ದುಡ್ಡು ಕೊಡಿ. ವರ್ಗಾವಣೆಗೆ ಫಾರ್ಮ್ 29, 30. ಬೇರೆ ರಾಜ್ಯದಿಂದ ತಂದರೆ ಫಾರ್ಮ್ 28ರ ಎನ್‌ಒಸಿ. 15 ವರ್ಷ ದಾಟಿದ್ದರಿಂದ ಐದೈದು ವರ್ಷಕ್ಕೆ ಫಾರ್ಮ್ 25ರಲ್ಲಿ ಮರುನೋಂದಣಿ. 20 ವರ್ಷ ದಾಟಿದ ಬೈಕಿಗೆ ಆ ಶುಲ್ಕ 2025ರ ಆಗಸ್ಟ್‌ನಿಂದ 2,000 ರೂಪಾಯಿ. 50 ವರ್ಷ ಮೀರಿದ ಜಾವಾಕ್ಕೆ ವಿಂಟೇಜ್ ನೋಂದಣಿ ಮಾಡಿಸಬಹುದು. ಆದರೆ ಅದಕ್ಕೆ 20,000 ರೂಪಾಯಿ, ಮತ್ತೆ ಆ ಗಾಡಿಯನ್ನು ದಿನದ ಓಡಾಟಕ್ಕೆ ಬಳಸುವ ಹಾಗಿಲ್ಲ. ಓಡಿಸಬೇಕೆಂದಿದ್ದರೆ ಮಾಮೂಲಿ ನೋಂದಣಿಯನ್ನೇ ಉಳಿಸಿಕೊಳ್ಳಿ.

ಎರಡು ಗಾಡಿಗಳ ನಡುವೆ ಮನಸ್ಸು ಓಲಾಡಿದರೆ ಬಣ್ಣ ಮಾಸಿದ್ದರೂ ಸಾಮಾನು ಪೂರ್ತಿ ಇರುವುದನ್ನೇ ಆರಿಸಿ. ಬಣ್ಣ, ಕ್ರೋಮ್, ಸೀಟು ದಾವಣಗೆರೆಯಲ್ಲೇ ಆಗುವ ಕೆಲಸ. ಕಳೆದುಹೋದ ಚೈನ್ ಕೇಸು, ಟೂಲ್‌ಬಾಕ್ಸ್ ಮುಚ್ಚಳ, ಸರಿಯಾದ ಕಾರ್ಬುರೇಟರ್ ಹುಡುಕಿಕೊಂಡು ಬೆಂಗಳೂರಿನ ಜೆ.ಸಿ. ರೋಡಿಗೋ ಮೈಸೂರಿಗೋ ಹತ್ತು ಸಲ ಬಸ್ ಹತ್ತಬೇಕಾಗುತ್ತದೆ. ಮನೆಗೆ ತಂದ ಮೇಲೆ ದಿನಾ ಗಾಡಿ ನಿಲ್ಲಿಸುವಾಗ ಪೆಟ್ರೋಲ್ ಕಾಕ್ ಮುಚ್ಚಿ. ತೆರೆದೇ ಬಿಟ್ಟರೆ ನೀಡಲ್ ದಾಟಿದ ಪೆಟ್ರೋಲ್ ರಾತ್ರಿಯಿಡೀ ಕ್ರ್ಯಾಂಕ್‌ಕೇಸಿಗೆ ಇಳಿದು, ಬೆಳಿಗ್ಗೆ ಎಷ್ಟು ಒದ್ದರೂ ಒದ್ದೆ ಪ್ಲಗ್ಗೇ ಕೈಗೆ ಸಿಗುವುದು.