ಮೇಲುಗೊಬ್ಬರದ ವಿಮಾನ ನೋಡೋಕೆ ಎಲ್ಲಿಗೆ ಹೋಗಬೇಕು? ನ್ಯೂಜಿಲೆಂಡಿನ ನಾಲ್ಕು ಜಾಗ, ನಾನು ಕಂಡಂತೆ

ವಿಮಾನದ ಹುಚ್ಚಿನವರಲ್ಲೂ ಒಂದು ಬೇರೆ ಪಂಗಡ ಇದೆ. ಅವರಿಗೆ ಜೆಟ್ ಬೇಡ, ಯುದ್ಧವಿಮಾನವೂ ಬೇಡ. ಸೂಪರ್ ಫಾಸ್ಫೇಟ್ ತುಂಬಿಕೊಂಡು ಗುಡ್ಡದ ತುದಿಯಿಂದ ಕಣಿವೆಗೆ ಇಳಿಯುವ ಗೊಬ್ಬರದ ವಿಮಾನ ಒಂದೇ ಸಾಕು. ಹ್ಯಾಮಿಲ್ಟನ್‌ಗೆ ಬಂದು ನೆಲೆಸಿದ ಮೇಲೆ ನಾನೂ ಅವರ ಜೊತೆ ಸೇರಿಬಿಟ್ಟೆ. ಸೇರದೇ ಇರುವುದೇ ಕಷ್ಟ. ಗೊಬ್ಬರ ಚೆಲ್ಲಲೆಂದೇ ಮಾಡಿದ ಫ್ಲೆಚರ್ ವಿಮಾನಗಳನ್ನು ವರ್ಷಗಟ್ಟಲೆ ಕಟ್ಟಿದ ಊರು ಇದು.

ಊರಿಂದ ಬರುವ ನೆಂಟರು, ಆಕ್ಲೆಂಡಿನ ಗೆಳೆಯರು ಕೇಳುತ್ತಿರುತ್ತಾರೆ, ಇದನ್ನೆಲ್ಲ ಎಲ್ಲಿ ನೋಡಬಹುದು ಅಂತ. ನಾಲ್ಕು ಥರದ ಜಾಗ ನೋಡಿ ಬಂದಿದ್ದೇನೆ. ಒಂದು ಮ್ಯೂಸಿಯಂ, ಒಂದು ಬರ್ಗರ್ ಅಂಗಡಿ, ಒಂದು ಹಳೇ ವಿಮಾನದ ಸವಾರಿ, ಇನ್ನೊಂದು ಕೆಲಸ ನಡೆಯುತ್ತಿರುವ ಗುಡ್ಡ. ನಾನು ತೂಗಿ ನೋಡಿದ್ದು ಒಂದೇ ವಿಷಯ: ಗೊಬ್ಬರದ ಕೆಲಸ ಎಷ್ಟು ಕಾಣುತ್ತದೆ? ವಿಮಾನ ಚೆಂದ ಇದೆಯಾ ಅನ್ನೋದು ಆಮೇಲಿನ ಮಾತು.

ಹಿನ್ನೆಲೆ ಸ್ವಲ್ಪ ಹೇಳಿಬಿಡುತ್ತೇನೆ. ಇಲ್ಲಿನ ಗುಡ್ಡಗಳಲ್ಲಿ ಕಾಡು ಕಡಿದು ಕುರಿಗಳಿಗೆ ಹುಲ್ಲು ಬೆಳೆಸಿದರು. ಕೆಲವೇ ವರ್ಷಗಳಲ್ಲಿ ಮಣ್ಣಿನ ಸತ್ವ ಹೋಯಿತು. ಫಾಸ್ಫೇಟ್ ಹಾಕಿದರೆ ಕ್ಲೋವರ್ ಅನ್ನುವ ಮೇವಿನ ಗಿಡ ಚಿಗುರುತ್ತದೆ, ಕ್ಲೋವರ್ ಗಾಳಿಯ ಸಾರಜನಕವನ್ನು ಮಣ್ಣಿಗೆ ಸೇರಿಸುತ್ತದೆ, ಹುಲ್ಲು ತಾನಾಗಿ ಬರುತ್ತದೆ. ಆದರೆ ಅಷ್ಟು ಕಡಿದಾದ ಗುಡ್ಡಕ್ಕೆ ಮೂಟೆ ಹೊತ್ತು ಹತ್ತುವವರು ಯಾರು? 1939ರಲ್ಲಿ ಸರ್ಕಾರಿ ಪೈಲಟ್ ಅಲನ್ ಪ್ರಿಚರ್ಡ್ ನೈಂಟಿ ಮೈಲ್ ಬೀಚ್‌ನ ಮರಳಿನ ಮೇಲೆ ವಿಮಾನದಿಂದ ಲೂಪಿನ್ ಬೀಜ ಬಿತ್ತಿದ್ದರು. ಯುದ್ಧ ಮುಗಿದ ಮೇಲೆ, 1948-49ರಲ್ಲಿ, ವಾಯುಪಡೆಯವರು ಅವೆಂಜರ್ ಬಾಂಬರ್‌ನಲ್ಲಿ ಗೊಬ್ಬರ ತುಂಬಿ ಪ್ರಯೋಗ ಮಾಡಿದರು. 1949ರಲ್ಲೇ ಖಾಸಗಿಯವರು ಟೈಗರ್ ಮಾತ್ ಅನ್ನುವ ಪುಟ್ಟ ತರಬೇತಿ ವಿಮಾನ ಹಿಡಿದು ದುಡಿಮೆಗೆ ಇಳಿದರು. ಅಲ್ಲಿಂದ ಮುಂದೆ ಈ ದೇಶದಲ್ಲಿ ಹಾರಬಲ್ಲದ್ದನ್ನೆಲ್ಲ ಗೊಬ್ಬರಕ್ಕೆ ಹೂಡಿ ನೋಡಿದ್ದಾರೆ.

ಮೊದಲು ಆಕ್ಲೆಂಡಿನ ಮೋಟ್ಯಾಟ್ ಮ್ಯೂಸಿಯಂ. ಮಿಯೋಲಾ ರಸ್ತೆಯ ವಿಮಾನಗಳ ಹಾಲ್‌ಗೆ ಹೋಗಿ. ಎಲ್ಲರೂ ಲ್ಯಾಂಕಾಸ್ಟರ್ ಬಾಂಬರ್ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ. ನೀವು ಲಾಕ್‌ಹೀಡ್ ಲೋಡ್‌ಸ್ಟಾರ್ ಹುಡುಕಿ. ಎರಡು ಎಂಜಿನ್, ಎರಡು ಬಾಲ. ಪ್ರಯಾಣಿಕರಿಗಾಗಿ ಮಾಡಿದ ಮಾದರಿ ಇದು. ಆಮೇಲೆ ಫೀಲ್ಡ್‌ಏರ್ ಕಂಪನಿಯವರ ಕೈಯಲ್ಲಿ ಗೊಬ್ಬರ ಹೊತ್ತಿತು. ಇತಿಹಾಸ ತಿಳಿಯಬೇಕು ಅಂದರೆ ಇದೇ ಒಳ್ಳೆಯ ಶುರು. ವಿಮಾನದ ಗಾತ್ರ, ಅದರ ಹೊಟ್ಟೆಯ ಭಾಗ ಎಲ್ಲ ನಿಧಾನವಾಗಿ, ಮಳೆಗಾಳಿಯ ಕಾಟ ಇಲ್ಲದೆ ನೋಡಬಹುದು. ಅಪ್ಪ ಅಮ್ಮ ಊರಿಂದ ಬಂದಿದ್ದರೆ ಇದೇ ಸರಿ. ನಡೆಯೋಕೆ ಸಮನೆಲ, ಎರಡು ಹಾಲ್‌ಗಳ ನಡುವೆ ಹಳೇ ಟ್ರಾಮ್ ಬೇರೆ ಓಡುತ್ತದೆ. ಕೊರತೆ ಅಂದರೆ ಯಾವ ಮ್ಯೂಸಿಯಂನಲ್ಲೂ ಇರುವಂಥದ್ದೇ. ಗೊಬ್ಬರದ ವಿಮಾನ ಇಷ್ಟು ಸ್ವಚ್ಛವಾಗಿ ಯಾವತ್ತೂ ಇರಲಿಲ್ಲ. ಸೂಪರ್ ಫಾಸ್ಫೇಟ್ ಲೋಹ ತಿನ್ನುತ್ತದೆ. ಕೆಲಸದಲ್ಲಿದ್ದ ವಿಮಾನವನ್ನು ದಿನಾ ತೊಳೆಯದಿದ್ದರೆ ಉಳಿಯುತ್ತಿರಲಿಲ್ಲ.

ಎರಡನೆಯದು ಟೌಪೋ ಊರಿನ ಮೆಕ್‌ಡೊನಾಲ್ಡ್ಸ್. ನಗಬೇಡಿ. ಅಂಗಡಿಯ ಪಕ್ಕದಲ್ಲೇ ಒಂದು ಡಿಸಿ-3, ಎರಡು ಎಂಜಿನ್ನಿನ ಹಳೇ ಪ್ರಯಾಣಿಕರ ವಿಮಾನ, ನಿಂತಿದೆ. ಮೆಟ್ಟಿಲು ಹತ್ತಿ ಒಳಗೆ ಹೋಗಿ ಕೂತು ತಿನ್ನಬಹುದು. 1943ರ ವಿಮಾನ. 1960ರ ದಶಕದಲ್ಲಿ ಸೌತ್ ಪೆಸಿಫಿಕ್ ಏರ್‌ಲೈನ್ಸ್‌ನಲ್ಲಿ ಜನರನ್ನು ಸಾಗಿಸಿತು. 1966ರಿಂದ 1984ರವರೆಗೆ ಗೊಬ್ಬರ ಚೆಲ್ಲಿತು. ಈ ದೇಶದಲ್ಲಿ ಅದು ಜನ ಹೊತ್ತಿದ್ದಕ್ಕಿಂತ ಗೊಬ್ಬರ ಹೊತ್ತ ವರ್ಷಗಳೇ ಜಾಸ್ತಿ ಅಲ್ವಾ? ನಾನು ಫ್ರೆಂಚ್ ಫ್ರೈಸ್ ತಿನ್ನುತ್ತಾ ಯೋಚಿಸಿದ್ದು ಅದನ್ನೇ. ಡಿಸಿ-3 ಒಂದು ಸಲಕ್ಕೆ ಸುಮಾರು 5 ಟನ್ ಹೊರುತ್ತಿತ್ತು. ಟೈಗರ್ ಮಾತ್‌ಗೆ ಸುಮಾರು 180 ಕಿಲೋ ಅಷ್ಟೇ. ಒಂದು ಡಿಸಿ-3 ಹೊರೆಗೆ ಟೈಗರ್ ಮಾತ್ 28 ಸಲ ಹಾರಬೇಕು. ಆದರೆ ಇಷ್ಟು ದೊಡ್ಡದು ಗುಡ್ಡದ ಮೇಲಿನ ಪುಟ್ಟ ಸ್ಟ್ರಿಪ್‌ನಲ್ಲಿ, ಅಂದರೆ ವಿಮಾನ ಇಳಿಯುವ ಹುಲ್ಲುಪಟ್ಟಿಯಲ್ಲಿ, ಇಳಿಯುವುದಿಲ್ಲ. ಉದ್ದನೆಯ ರನ್‌ವೇ ಬೇಕು. ಹಾಗಾಗಿ ಪ್ರತಿ ಹೊರೆಗೂ ದೂರದಿಂದ ಹಾರಿ ಬಂದು ವಾಪಸ್ ಹೋಗಬೇಕು.

ಮಕ್ಕಳಿದ್ದರೆ ಟೌಪೋಗೇ ನನ್ನ ಮತ. ಟಿಕೆಟ್ ಇಲ್ಲ, ಮುಟ್ಟಬೇಡ ಅನ್ನುವವರಿಲ್ಲ. ಗೊಬ್ಬರದ ಕಥೆ ಮಾತ್ರ ನೀವೇ ಹೇಳಬೇಕು. ಗೊಬ್ಬರ ತುಂಬುತ್ತಿದ್ದ ಜಾಗದಲ್ಲಿ ಈಗ ಮೇಜು ಕುರ್ಚಿ.

ಮೂರನೆಯದು ದುಬಾರಿ. ದಕ್ಷಿಣ ದ್ವೀಪದ ತುದಿಯಲ್ಲಿ, ಗೋರ್ ಊರಿನ ಹತ್ತಿರ ಮ್ಯಾಂಡೆವಿಲ್ ಇದೆ. ಹಳೇ ಡಿ ಹ್ಯಾವಿಲೆಂಡ್ ವಿಮಾನಗಳನ್ನು ಸರಿಮಾಡಿ ಹಾರಿಸುವ ಜಾಗ. ಅಲ್ಲಿ ಟೈಗರ್ ಮಾತ್‌ನಲ್ಲಿ ಹಾರಿದೆ. ಪೈಲಟ್ ಹಿಂದೆ ಕೂರುತ್ತಾರೆ, ಗಿರಾಕಿ ಮುಂದೆ. ಆ ಮುಂದಿನ ಕೂರುವ ಗುಂಡಿ ಇದೆಯಲ್ಲ, ಗೊಬ್ಬರದ ಕಾಲದಲ್ಲಿ ಅಲ್ಲೇ ಹಾಪರ್, ಅಂದರೆ ಗೊಬ್ಬರ ತುಂಬುವ ತೊಟ್ಟಿ, ಕೂರಿಸುತ್ತಿದ್ದರು. ಅಂದರೆ ನಾನು ಕೂತಿದ್ದು ಗೊಬ್ಬರದ ಜಾಗದಲ್ಲಿ! ಎಂಜಿನ್ 130 ಕುದುರೆ ಶಕ್ತಿಯದು. ನನ್ನೊಬ್ಬನ ಭಾರಕ್ಕೇ ವಿಮಾನ ಅವಸರವಿಲ್ಲದೆ ಏರಿತು. ನನ್ನ ಎರಡರಷ್ಟು ಭಾರ ಹೊತ್ತು, ಏರಿಳಿತದ ಕಣಿವೆಯಲ್ಲಿ, ಬೆಳಗಿನಿಂದ ಸಂಜೆವರೆಗೆ ಅದೇ ಕೆಲಸ ಮಾಡಿದ ಪೈಲಟ್‌ಗಳ ಧೈರ್ಯ ಆಗ ಅರ್ಥವಾಯಿತು. ಎಷ್ಟೋ ಜನ ಸತ್ತರು ಕೂಡ. ಓದಿ ತಿಳಿಯುವುದಲ್ಲ ಇದು. ಮುಖಕ್ಕೆ ಗಾಳಿ ಬಡಿದಾಗ ತಿಳಿಯುತ್ತದೆ. ಆದರೂ ಸವಾರಿಯಲ್ಲಿ ಗೊಬ್ಬರ ಇಲ್ಲ, ಸ್ಟ್ರಿಪ್ ಇಲ್ಲ. ದುಡ್ಡು, ದೂರ ಎರಡನ್ನೂ ಲೆಕ್ಕ ಹಾಕಿದರೆ ಹುಟ್ಟುಹಬ್ಬಕ್ಕೆ ಯಾರಾದರೂ ಉಡುಗೊರೆ ಕೊಡಿಸಿದರೆ ಹೋಗಿ ಅನ್ನುತ್ತೇನೆ.

ನಾಲ್ಕನೆಯದು ಗುಡ್ಡದ ಸ್ಟ್ರಿಪ್. ಇದರ ಮುಂದೆ ಉಳಿದ ಮೂರೂ ನನಗೆ ಚಿಕ್ಕದಾಗಿ ಕಂಡವು.

ಹ್ಯಾಮಿಲ್ಟನ್‌ನ ದಕ್ಷಿಣಕ್ಕಿರುವ ಕಿಂಗ್ ಕಂಟ್ರಿ ಅನ್ನುವ ಗುಡ್ಡಗಾಡಿನ ಕಡೆ ಒಬ್ಬ ರೈತರನ್ನು ಪರಿಚಯದವರ ಮೂಲಕ ಕೇಳಿಕೊಂಡೆವು. ಗೊಬ್ಬರ ಹಾಕಿಸುವ ದಿನ ಬೆಳಕು ಹರಿಯುವ ಮುಂಚೆಯೇ ಬನ್ನಿ ಅಂದರು, ಗಾಳಿ ಎದ್ದರೆ ಕೆಲಸ ನಿಲ್ಲುತ್ತದಂತೆ. ಗುಡ್ಡದ ಬೆನ್ನಿನ ಮೇಲೆ ಇಳಿಜಾರಿನ ಹುಲ್ಲುಪಟ್ಟಿ, ಮೇಲ್ತುದಿಯಲ್ಲಿ ಗೊಬ್ಬರದ ಶೆಡ್, ಪಕ್ಕದಲ್ಲಿ ಲೋಡರ್ ಗಾಡಿ. ಫ್ಲೆಚರ್ ಇಳಿಜಾರನ್ನು ಹತ್ತುತ್ತಾ ಇಳಿಯುತ್ತದೆ. ಏರು ಇರುವುದರಿಂದ ತಾನಾಗಿ ನಿಧಾನವಾಗುತ್ತದೆ. ಲೋಡರ್ ಪಕ್ಕ ತಿರುಗಿ ನಿಲ್ಲುವುದೇ ತಡ, ಬಕೆಟ್ ಮೇಲೆ ಬಂದು ಪೈಲಟ್ ಬೆನ್ನ ಹಿಂದಿನ ಹಾಪರ್‌ಗೆ ಸುರಿದುಬಿಡುತ್ತದೆ. ಎಂಜಿನ್ ಆರಿಸುವುದೇ ಇಲ್ಲ. ಮತ್ತೆ ಇಳಿಜಾರಿನಲ್ಲಿ ಓಟ, ತುದಿ ಮುಗಿದ ಕೂಡಲೇ ವಿಮಾನ ಮಾಯ. ಎದೆ ಧಸಕ್ ಅನ್ನುತ್ತದೆ. ಒಂದು ಕ್ಷಣ ಬಿಟ್ಟು ಕಣಿವೆಯಾಚೆ ಮೇಲಕ್ಕೆ ಬರುತ್ತದೆ, ಹಿಂದೆ ಬೂದು ಬಣ್ಣದ ಧೂಳು ರಂಗೋಲಿ ಪುಡಿಯ ಎಳೆಯಂತೆ ಗುಡ್ಡದ ಮೇಲೆ ಇಳಿಯುತ್ತದೆ. ಏರಲಿಲ್ಲ ಅಂದರೆ? ಹೊರೆಯನ್ನೆಲ್ಲ ಒಮ್ಮೆಗೇ ಸುರಿದುಬಿಡಲು ಪೈಲಟ್ ಕೈಗೆ ಒಂದು ಹಿಡಿಕೆ ಇರುತ್ತದೆ.

ಅಲ್ಲಿ ನಿಂತಾಗಲೇ ಗೊತ್ತಾಗಿದ್ದು, ಇಲ್ಲಿ ವಿಮಾನ ಅಂದರೆ ಅರ್ಧ ಕೆಲಸ. ಲೋಡರ್ ಡ್ರೈವರ್ ತುಂಬುವ ಅಂದಾಜು ತಪ್ಪಿದರೆ ಪೈಲಟ್‌ಗೆ ಕಷ್ಟ. ಇಬ್ಬರೂ ಒಂದು ಮಾತೂ ಆಡದೆ, ಕೈಸನ್ನೆಯಲ್ಲೇ ಇಡೀ ಬೆಳಿಗ್ಗೆ ದುಡಿದರು. ಮ್ಯೂಸಿಯಂನವರು ಎಷ್ಟೇ ಚೆನ್ನಾಗಿ ಇಟ್ಟರೂ ಇದು ಕಾಣುವುದಿಲ್ಲ.

ನನ್ನ ಹೆಂಡತಿ ಕಾಸರಗೋಡಿನವಳು. ಧೂಳು ಕಂಡ ಕೂಡಲೇ ಗಾಳಿಗೆ ಎದುರಾಗಿ ದೂರ ಹೋಗಿ ನಿಂತಳು. "ರೀ, ಮೊದಲು ಅವರನ್ನ ಕೇಳಿ, ಇದರಲ್ಲಿ ಔಷಧಿ ಏನಾದ್ರೂ ಸೇರಿಸಿದ್ದಾರಾ ಅಂತ" ಅಂದಳು. ಅವಳ ಊರಿನ ಗೇರು ತೋಟಗಳ ಮೇಲೆ 2000ನೇ ಇಸವಿಯವರೆಗೂ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಹೊಡೆದಿದ್ದರು. ಆ ಪ್ರಶ್ನೆ ಕೇಳುವ ಹಕ್ಕು ಅವಳಿಗಿದೆ. ರೈತರು ಬೇಸರಿಸಲಿಲ್ಲ. ಇದು ಬರೀ ಸೂಪರ್, ಆದರೆ 1950, 60ರ ದಶಕದಲ್ಲಿ ಹುಲ್ಲಿನ ಬೇರು ತಿನ್ನುವ ಹುಳಕ್ಕೆ ಅಂತ ಸೂಪರ್‌ಗೆ ಡಿಡಿಟಿ ಬೆರೆಸುತ್ತಿದ್ದುದು ನಿಜ ಅಂದರು. ಆಗಿನ ಫಾಸ್ಫೇಟ್ ಬರುತ್ತಿದ್ದುದು ಪೆಸಿಫಿಕ್ ಸಾಗರದ ನೌರು, ಬನಾಬಾ ದ್ವೀಪಗಳಿಂದ. ಅಲ್ಲಿನ ನೆಲವನ್ನೇ ಅಗೆದು ತಂದರು. ಬನಾಬಾದ ಜನರನ್ನು 1945ರಲ್ಲಿ ಫಿಜಿಯ ರಾಬಿ ದ್ವೀಪಕ್ಕೆ ಸಾಗಿಸಿದರು. ವಿಮಾನದ ಅಭಿಮಾನಿಗಳು ಈ ಭಾಗವನ್ನು ಸುಮ್ನೆ ದಾಟಿಹೋಗುತ್ತಾರೆ. ನನಗೆ ಅದು ಸರಿ ಅನ್ನಿಸುವುದಿಲ್ಲ.

ಬೇಲಿಯ ಹತ್ತಿರ ಇನ್ನಿಬ್ಬರು ಹಿರಿಯ ಅಭಿಮಾನಿಗಳು ಕ್ಯಾಮೆರಾ ಹಿಡಿದು ನಿಂತಿದ್ದರು. ವಿಮಾನದ ನೋಂದಣಿ ಅಕ್ಷರ ಕಂಡರೆ ಸಾಕು, ಯಾವ ಕಂಪನಿಯಲ್ಲಿತ್ತು, ಯಾವಾಗ ಎಂಜಿನ್ ಬದಲಾಯಿತು ಎಲ್ಲ ಬಾಯಲ್ಲೇ ಇತ್ತು. ಫ್ಲೆಚರ್ 1954ರಲ್ಲಿ ಅಮೆರಿಕದಲ್ಲಿ ಮೊದಲು ಹಾರಿತು, ಜಾನ್ ಥಾರ್ಪ್ ಮಾಡಿದ ವಿನ್ಯಾಸ. ಆದರೆ ನ್ಯೂಜಿಲೆಂಡಿನ ಗುಡ್ಡಗಳಿಗೆಂದೇ ಮಾಡಿದ್ದು. 1960ರ ದಶಕದಲ್ಲಿ ತಯಾರಿಕೆಯ ಹಕ್ಕೇ ಹ್ಯಾಮಿಲ್ಟನ್‌ಗೆ ಬಂತು. ಸುಮಾರು 300 ವಿಮಾನ ಆದವು. ಆಮೇಲೆ 1979ರಲ್ಲಿ ಟರ್ಬೈನ್ ಎಂಜಿನ್ನಿನ ಕ್ರೆಸ್ಕೋ ಹಾರಿತು. ಇವರಿಬ್ಬರ ಜಗಳವೂ ಅದೇ. ಒಬ್ಬರಿಗೆ ಹಳೇ ಪಿಸ್ಟನ್ ಎಂಜಿನ್ನಿನ ಗುಡುಗು ಬೇಕು. ಇನ್ನೊಬ್ಬರು ಟರ್ಬೈನ್ ಬಂದಿದ್ದರಿಂದಲೇ ಪೈಲಟ್‌ಗಳು ಬದುಕಿಕೊಂಡರು ಅನ್ನುತ್ತಾರೆ. ನಾನು ಎರಡನೆಯವರ ಕಡೆ.

ನಮ್ಮ ಎಚ್‌ಎಎಲ್‌ನ ಬಸಂತ್ ಬಗ್ಗೆ ಹೇಳಿದಾಗ ಇಬ್ಬರೂ ಜಗಳ ನಿಲ್ಲಿಸಿದರು. 1972ರಲ್ಲಿ ಹಾರಿದ ಕೃಷಿ ವಿಮಾನ ಅದು, 39 ಮಾತ್ರ ಆದವು. ಅದರಲ್ಲಿದ್ದದ್ದು 400 ಕುದುರೆ ಶಕ್ತಿಯ, ಎಂಟು ಸಿಲಿಂಡರಿನ ಲೈಕಾಮಿಂಗ್ ಎಂಜಿನ್. ಆಮೇಲಿನ ಫ್ಲೆಚರ್‌ಗಳಲ್ಲೂ ಅದೇ ಎಂಜಿನ್ ಸರಣಿ. ಗುಡುಗಿನ ಪಕ್ಷದವರು ನನ್ನ ಬೆನ್ನು ತಟ್ಟಿದರು, ಬಸಂತ್ ನಾನೇ ಮಾಡಿದವನ ಹಾಗೆ!

ಸ್ಟ್ರಿಪ್‌ಗೆ ಹೋಗುವವರಿಗೆ ನಾಲ್ಕು ಮಾತು. ಅದು ಖಾಸಗಿ ಜಮೀನು, ಕೇಳದೆ ಗೇಟು ದಾಟಬೇಡಿ. ಪರಿಚಯ ಇಲ್ಲದಿದ್ದರೆ ರಸ್ತೆ ಬದಿಯಿಂದ ನೋಡುವುದೂ ಕಡಿಮೆ ಏನಲ್ಲ. ವಸಂತ ಮತ್ತು ಶರತ್ಕಾಲದಲ್ಲಿ, ಗಾಳಿ ಇಲ್ಲದ ಬೆಳಿಗ್ಗೆ, ಕಿಂಗ್ ಕಂಟ್ರಿಯ ಟೆ ಕುಯಿಟಿ ಊರಿನ ಸುತ್ತಮುತ್ತ ಗುಡ್ಡದ ಕಡೆ ಕಣ್ಣಿಟ್ಟಿರಿ. ಹೊಳೆಯುವ ಬಣ್ಣದ ಜಾಕೆಟ್ ಹಾಕಿಕೊಳ್ಳಿ. ಹಳೇ ಬೂಟು ಸಾಕು, ಗೊಬ್ಬರದ ಹುಳಿ ವಾಸನೆ ಬೇಗ ಹೋಗುವುದಿಲ್ಲ. ನನ್ನ ಬೂಟು ಇನ್ನೂ ಗ್ಯಾರೇಜಿನಲ್ಲೇ ಇದೆ, ಮನೆಯೊಳಗೆ ತರೋಕೆ ಅನುಮತಿ ಸಿಕ್ಕಿಲ್ಲ.